ಚಿಕ್ಕಪ್ಪನ ಬಾಗಿಲಿನ ಪುಷ್ಪಚಕ್ರ

ಹಾಲ್ವರ್ ತನ್ನ ಚಿಕ್ಕಪ್ಪನನ್ನು ಸಾಯಿಸಿದ್ದು ಒಂದು ಪೊರಕೆಯ ದೆಸೆಯಿಂದ.

ಓಸ್ಲೋದಲ್ಲಿ ಅವನಿದ್ದ ವಸತಿ ಸಂಘದವರು ಪ್ರತಿ ಮೇ ತಿಂಗಳಲ್ಲಿ, ರಾಷ್ಟ್ರೀಯ ಹಬ್ಬಕ್ಕೆ ಮುಂಚಿನ ಶನಿವಾರ, ಶ್ರಮದಾನ ಮಾಡುತ್ತಿದ್ದರು. ಅಂಗಳ ಗುಡಿಸುವುದು, ಬೇಲಿಗೆ ಬಣ್ಣ ಬಳಿಯುವುದು, ನೆಲಮಾಳಿಗೆಯ ಹಳೇ ಸಾಮಾನು ಹೊರಹಾಕುವುದು, ಆಮೇಲೆ ಎಲ್ಲರೂ ನಿಂತುಕೊಂಡು ಕಾಫಿ ಕುಡಿಯುವುದು. ಬಾರದವರಿಗೆ ದಂಡವಿಲ್ಲ, ಬೈಗುಳವೂ ಇಲ್ಲ. ಆದರೆ ಮರುವರ್ಷದ ತನಕ ಮೆಟ್ಟಿಲ ಮೇಲೆ ಸಿಕ್ಕಸಿಕ್ಕವರೆಲ್ಲ ನಗುನಗುತ್ತ, "ಬೆನ್ನು ಹೇಗಿದೆ ಈಗ?" ಎಂದು ಕೇಳುತ್ತಾರೆ. ಅದಕ್ಕಿಂತ ದಂಡವೇ ವಾಸಿ.

ಹೋದ ವರ್ಷ ಹಾಲ್ವರ್ ಬೆನ್ನು ನೋವೆಂದಿದ್ದ. ಅದರ ಹಿಂದಿನ ವರ್ಷ ಕಾಲುಳುಕು. ಈ ಸಲ ಸಂಘದ ಅಧ್ಯಕ್ಷೆ ಟುರೀಡ್ ಹೊಸ ಪೊರಕೆಯೊಂದನ್ನು ಕೈಯಲ್ಲೇ ಹಿಡಿದು ಬಾಗಿಲು ತಟ್ಟಿದಳು.

"ಹಿಡಿ ಉದ್ದ ಇದೆ, ಬಗ್ಗೋದೇ ಬೇಡ. ನಿನ್ನ ಬೆನ್ನು ನೆನಸ್ಕೊಂಡೇ ತಂದೆ ನೋಡು."

ಅವನ ಬಾಯಿಂದ ಮಾತು ತಾನಾಗಿ ಹೊರಬಿತ್ತು. "ನಮ್ಮ ಚಿಕ್ಕಪ್ಪ ಅನ್‌ಫಿನ್ ಹೋಗಿಬಿಟ್ರು, ಟುರೀಡ್. ಹೆಸ್ವಿಕ್‌ನಲ್ಲಿ. ಶನಿವಾರವೇ ಮಣ್ಣು."

ಟುರೀಡ್ ಪೊರಕೆಯನ್ನು ಗೋಡೆಗೆ ಒರಗಿಸಿ ಅವನನ್ನು ತಬ್ಬಿಕೊಂಡಳು. ಟ್ರಾಮಿನವರ ಕಳೆದುಹೋದ ಸಾಮಾನಿನ ಕಚೇರಿಯಲ್ಲಿ ಊರವರ ಕೊಡೆ ಕಾಯುತ್ತ ಐವತ್ತು ದಾಟಿದ ಈ ಬ್ರಹ್ಮಚಾರಿಯನ್ನು ಯಾರಾದರೂ ತಬ್ಬಿ ಬಹಳ ಕಾಲವಾಗಿತ್ತು. ಅವನಿಗೆ ನಿಜಕ್ಕೂ ಅಳು ಬಂತು. ಅದನ್ನು ಕಂಡು ಟುರೀಡ್ ಇನ್ನಷ್ಟು ನಂಬಿದಳು.

ಚಿಕ್ಕಪ್ಪ ಅನ್‌ಫಿನ್ ಸತ್ತಿರಲಿಲ್ಲ. ಸತ್ತಿದ್ದರೂ ಹಾಲ್ವರ್‌ಗೆ ಗೊತ್ತಾಗುತ್ತಿರಲಿಲ್ಲ. ಹತ್ತು ವರ್ಷದ ಹಿಂದೆ ಒಂದು ಕ್ರಿಸ್ಮಸ್ ಸಂಜೆ, ಹಬ್ಬದೂಟಕ್ಕೆ ಒಣಗಿಸಿದ ಕುರಿಯ ಪಕ್ಕೆಲುಬು ಮೇಲೋ ಹುರಿದ ಹಂದಿಯ ಪಕ್ಕೆಲುಬು ಮೇಲೋ ಎಂದು ಜಗಳ ಹತ್ತಿತ್ತು. ಕುರಿ ಎಂದವನು ಚಿಕ್ಕಪ್ಪ, ಹಂದಿ ಎಂದವನು ಹಾಲ್ವರ್. ಅಂದಿನಿಂದ ಇಬ್ಬರಿಗೂ ಮಾತಿಲ್ಲ ಕತೆಯಿಲ್ಲ. ಇಬ್ಬರಿಗೂ ಬೇರೆ ನೆಂಟರೂ ಇರಲಿಲ್ಲ.

ಸಾವೆಂದ ಮೇಲೆ ಮನೆಯಲ್ಲಿ ಕೂರುವಂತಿಲ್ಲ. ಹಾಲ್ವರ್ ಫಿಯೋರ್ಡುಗಳೆಂಬ ಕಡಲ ಕವಲುಗಳ ಊರೂರು ಸುತ್ತುವ ಅಗ್ಗದ ಪ್ರವಾಸಿ ಹಡಗೊಂದರ ಟಿಕೆಟ್ಟು ತೆಗೆಸಿದ. ಹೆಸ್ವಿಕ್ ಮುಟ್ಟದ ಹಡಗು ತಾನೇ ಎಂದು ಎರಡೆರಡು ಸಲ ಕೇಳಿಕೊಂಡ.

ಶನಿವಾರ ಬೆಳಿಗ್ಗೆ ಹಡಗು ಆಲ್ನೆಸ್ ಎಂಬ ಪುಟ್ಟ ಊರಲ್ಲಿ ನಿಂತಿತು. ಜಿಟಿಜಿಟಿ ಮಳೆ. ಬೆಟ್ಟಗಳು ಸೊಂಟದ ತನಕ ಮಾತ್ರ ಕಾಣುತ್ತಿದ್ದವು. ನೋಡಲು ಇದ್ದದ್ದು ಒಂದು ಜಲಪಾತ. ಅಷ್ಟು ಮಳೆಯಲ್ಲಿ ಯಾವುದು ಜಲಪಾತ, ಯಾವುದು ಅಲ್ಲ ಎಂದು ಹೇಳುವುದೇ ಕಷ್ಟವಾಗಿತ್ತು. ಹಾಲ್ವರ್ ಒಂದು ಸೂರಿನಡಿ ನಿಂತು ಕಂದು ಚೀಸು ಹಾಕಿದ ವಾಫಲ್ ದೋಸೆ ತಿನ್ನುತ್ತಿದ್ದಾಗ ಫೋನು ಗುರುಗುಟ್ಟಿತು. ಟುರೀಡಳ ಸಂದೇಶ.

"ಹಾಲ್ವರ್, ನೀನು ಒಂಟಿ ಅಂದ್ಕೋಬೇಡ. ಎಲ್ಲ ಮನೆಯವರೂ ಸೇರಿ ಹೆಸ್ವಿಕ್‌ನ ಹೂವಿನಂಗಡಿಗೆ ಹೇಳಿ ಒಂದು ಪುಷ್ಪಚಕ್ರ ಮಾಡಿಸಿದ್ದೀವಿ. ರಿಬ್ಬನ್ ಮೇಲೆ ಚಿಕ್ಕಪ್ಪನ ಹೆಸರು ಬರೆಸಿದ್ದೀವಿ. ಇಷ್ಟು ಹೊತ್ತಿಗೆ ತಲುಪಿರಬೇಕು."

ಹಾಲ್ವರ್ ಉಳಿದ ದೋಸೆ ಎಸೆದ. ಬದುಕಿರುವ ಮುದುಕನ ಮನೆಗೆ ಅವನದೇ ಸಾವಿನ ಹೂವು! ಎಂಬತ್ತರ ಹತ್ತಿರದ ಜೀವ, ಕಂಡು ಎದೆಯೊಡೆದರೆ? ಒಡೆಯದಿದ್ದರೆ ಇನ್ನೂ ಕಷ್ಟ. ಸುಮ್ಮನಿರುವ ಜಾತಿಯಲ್ಲ, ಓಸ್ಲೋಗೆ ಫೋನು ಮಾಡುತ್ತಾನೆ. ಆಮೇಲೆ ಮೆಟ್ಟಿಲ ಮೇಲೆ ಸಿಕ್ಕವರೆಲ್ಲ, "ಚಿಕ್ಕಪ್ಪ ಹೇಗಿದ್ದಾರೆ ಈಗ?" ಎಂದು ಕೇಳುತ್ತಾರೆ, ಸಾಯುವ ತನಕ.

ಅವನು ಹಡಗಿಗೆ ವಾಪಸಾಗಿ ಹೊದಿಕೆ ಎಳೆದುಕೊಂಡು ಮಲಗಿದ. ಅಷ್ಟರಲ್ಲಿ ಕಪ್ತಾನನ ದನಿ ಕೇಳಿಸಿತು. ಮುಂದಿನ ಊರಲ್ಲಿ ಗಾಳಿ ಜೋರಾಗಿದೆ, ಲಂಗರು ಹಾಕಲಾಗದು. ಅದರ ಬದಲು ಮಧ್ಯಾಹ್ನ ಹೆಸ್ವಿಕ್ ಎಂಬ ಸುಂದರವಾದ ಊರಿಗೆ ಹೋಗುತ್ತೇವೆ ಎಂದು. ರಾಮೇಶ್ವರಕ್ಕೆ ಹೋದರೂ ಶನೇಶ್ವರನ ಕಾಟ ತಪ್ಪಲಿಲ್ಲ ಎಂದರೆ ಇದೇ.

ಆದರೆ ಒಂದು ದಾರಿ ಕಂಡಿತು. ಅದು ಇನ್ನೂ ಮನೆ ಮುಟ್ಟಿರಲಿಕ್ಕಿಲ್ಲ. ಓಡಿಹೋಗಿ ಹೂವಿನಂಗಡಿಯಲ್ಲೇ ಆ ಚಕ್ರವನ್ನು ತಡೆದುಬಿಟ್ಟರೆ? ಸಮುದ್ರಕ್ಕೆ ಎಸೆದರಾಯಿತು, ಯಾರಿಗೂ ತಿಳಿಯದು. ಹೆಸ್ವಿಕ್ ಹತ್ತಿರವಾದಂತೆ ಅವನು ಮಳೆಯಂಗಿ ತೊಟ್ಟು ಹಡಗಿನಂಚಿನ ಕಟಕಟೆಗೆ ಬಂದು ನಿಂತ. ಗುಡ್ಡದ ಮೇಲೆ ಚಿಕ್ಕಪ್ಪನ ಹಳದಿ ಮನೆ ಕಾಣಿಸಿತು. ಮನೆಯೆದುರು ಧ್ವಜದ ಕಂಬ. ಕಂಬದ ಅರ್ಧಕ್ಕೆ ಇಳಿದು ನಿಂತ ಧ್ವಜ, ಒದ್ದೆಯಾಗಿ ಜೋತುಬಿದ್ದಿತ್ತು.

ಆ ನಾಡಿನಲ್ಲಿ ಮನೆಯ ಧ್ವಜ ಅರ್ಧಕ್ಕೆ ಇಳಿಯುವುದು ಒಂದೇ ಕಾರಣಕ್ಕೆ.

ಹಾಲ್ವರ್ ಟೋಪಿ ಹಿಂದಕ್ಕೆ ಸರಿಸಿ ಇನ್ನೊಮ್ಮೆ ನೋಡಿದ. ತಾನು ಆಡಿದ್ದು ನಡೆದುಬಿಟ್ಟಿದೆ! ಅಸ್ತು ಅನ್ನುವ ದೇವತೆಗಳು ಮೇಲೆ ಸುತ್ತುತ್ತಿರುತ್ತವೆ ಅನ್ನುತ್ತಾರಲ್ಲ, ಆ ದೇವತೆಗಳಿಗೆ ಓಸ್ಲೋದ ಮೆಟ್ಟಿಲಿನವರೆಗೂ ಬಂದು ಕಿವಿಗೊಡುವಷ್ಟು ಬಿಡುವಿದೆ ಎಂದು ಅವನು ಎಣಿಸಿರಲಿಲ್ಲ.

ಸಣ್ಣ ದೋಣಿಗಳು ಪ್ರಯಾಣಿಕರನ್ನು ದಡಕ್ಕಿಳಿಸಿ, ಐದು ಗಂಟೆಗೆ ಕೊನೇ ದೋಣಿ ಎಂದು ಹೇಳಿ ಹೋದವು. ಹೂವಿನಂಗಡಿಗೆ ಬೀಗ ಬಿದ್ದಿತ್ತು. ಬಾಗಿಲ ಮೇಲೆ, "ಚರ್ಚಿನ ಅಂಗಳದಲ್ಲಿದ್ದೇನೆ, ಸಿನ್ನೋವ" ಎಂಬ ಚೀಟಿ. ಚರ್ಚಿನ ಅಂಗಳದಲ್ಲಿ ಇಡೀ ಊರೇ ಇತ್ತು. ಹಬ್ಬಕ್ಕೆ ಮುಂಚಿನ ಶನಿವಾರವಲ್ಲವೇ? ಮುದುಕರು, ಹೆಂಗಸರು, ಪಾದ್ರಿ ಎಲ್ಲರೂ ರಬ್ಬರ್ ಬೂಟು ತೊಟ್ಟು ಗೋರಿಗಳ ನಡುವಿನ ಕೊಳೆತ ಎಲೆಗಳನ್ನು ಗೋರುತ್ತಿದ್ದರು. ಶ್ರಮದಾನ. ಹಡಗಿನ ಜನ ಬೇಲಿಯಾಚೆ ನಿಂತು ಅವರ ಫೋಟೋ ತೆಗೆಯುತ್ತಿದ್ದರು.

ಹೂವಿನಂಗಡಿಯ ಸಿನ್ನೋವ ಯಾರೆಂದು ವಿಚಾರಿಸಬೇಕಾಗಲಿಲ್ಲ. ಎಲ್ಲರಿಗೂ ಕೆಲಸ ಹೇಳುತ್ತಿದ್ದ ದಪ್ಪ ದನಿಯ ಹೆಂಗಸು ಒಬ್ಬಳೇ ಇದ್ದಳು. ಅವನು ಬಾಯಿ ತೆರೆಯುವ ಮೊದಲೇ ಅವಳು ಅವನ ಕೈಗೊಂದು ಗೋರೆ ಕೊಟ್ಟಳು.

"ಮಾತಾಡೋದಿದ್ರೆ ಗೋರ್ಕೊಂಡೇ ಮಾತಾಡಿ ಯಜಮಾನ್ರೇ. ನಾಲ್ಕು ಜನ ದುಡೀವಾಗ ಕೈ ಕಟ್ಕೊಂಡು ನಿಂತ್ರೆ ನಿಮಗೇ ಮುಜುಗರ."

ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಹಾಲ್ವರ್ ಗೋರತೊಡಗಿದ. "ಅದು... ಓಸ್ಲೋದ ವಸತಿ ಸಂಘದವರು ಒಂದು ಹೂವಿನ ಚಕ್ರ ಹೇಳಿದ್ರು..."

ಸಿನ್ನೋವಳ ಮುಖ ಮೆತ್ತಗಾಯಿತು. "ಅಯ್ಯೋ, ನೀವು ಆ ಕಡೆಯವ್ರಾ? ಚೆನ್ನಾಗಿ ಕಟ್ಟಿದ್ದೀನಿ. ಬೆಳಿಗ್ಗೆಯೇ ಹೋಗಿ ಹಳದಿ ಮನೆ ಬಾಗಿಲಿಗೆ ನೇತುಹಾಕಿ ಬಂದೆ. ಮನೇಲಿ ಯಾರೂ ಇಲ್ಲ, ಖಾಲಿ. ನಿಮ್ಮ ಅಧ್ಯಕ್ಷೆ ಹೆಸರು ಹೇಳೋವಾಗ ಸ್ವಲ್ಪ ತಪ್ಪು ಮಾಡಿದ್ರು, ನಾನೇ ಸರಿ ಮಾಡ್ದೆ. ದುಃಖದಲ್ಲಿ ಹಾಗೆ ಆಗುತ್ತೆ ಬಿಡಿ."

"ಹಾಗಾದ್ರೆ... ನಿಜವಾಗ್ಲೂ?"

"ನಿಜವಾಗ್ಲೂ ಅಂದ್ರೆ? ಸತ್ತೋನು ಸುಳ್ಳು ಸಾಯ್ತಾನಾ? ಇದ್ದಕ್ಕಿದ್ದಂಗೆ ಹೋದನಂತೆ ಪಾಪ. ನಿಮಗೆ ಪರಿಚಯ ಇತ್ತಾ?"

"ಇತ್ತು," ಎಂದ ಹಾಲ್ವರ್. "ಹಟಮಾರಿ. ಹಿಡಿದದ್ದೇ ಹಟ. ಆದರೆ ಕೆಟ್ಟ ಮನುಷ್ಯ ಅಲ್ಲ."

"ಹಾಗೇ ಕೇಳಿದ್ದೆ ನಾನೂ. ಒಬ್ಬಂಟಿ. ಒಂದು ಫೋನ್ ಮಾಡೋಕೂ ಬಿಗುಮಾನ." ಸಿನ್ನೋವ ದನಿ ತಗ್ಗಿಸಿದಳು. "ಕ್ರಿಸ್ಮಸ್‌ಗೆ ಹಂದಿ ಪಕ್ಕೆಲುಬೇ ಬೇಕು ಅನ್ನೋನಂತೆ. ಸತ್ತವರ ಬಗ್ಗೆ ಆಡ್ಕೋಬಾರದು, ಬಿಡಿ."

ಹಾಲ್ವರ್‌ನ ಕಣ್ಣಲ್ಲಿ ದಳದಳ ನೀರಿಳಿಯಿತು. ಹಂದಿ! ಆ ಮುದುಕ ಕೊನೆಗಾಲದಲ್ಲಿ ಸೋತಿದ್ದ. ತನ್ನ ಮಾತಿಗೆ ಬಂದಿದ್ದ. ಬಂದೂ ಒಂದು ಫೋನು ಮಾಡಿರಲಿಲ್ಲ. ತಾನಾದರೂ ಮಾಡಬಹುದಿತ್ತು. ಮಾಡಲಿಲ್ಲ, ಬದಲಿಗೆ ಒಂದು ಪೊರಕೆಗಾಗಿ ಅವನನ್ನು ಮಣ್ಣು ಮಾಡಿದ್ದ. ಹಾಲ್ವರ್ ಅಳುತ್ತ ಅಳುತ್ತ ಗೋರಿದ. ಹಿಂದಿನ ಯಾವ ಶ್ರಮದಾನದಲ್ಲೂ ಅಷ್ಟು ದುಡಿದವನಲ್ಲ. ಎರಡು ಸಾಲು ಗೋರಿ ಮುಗಿಸಿ, ಸಿನ್ನೋವ ಅತ್ತ ತಿರುಗಿದ್ದೇ ತಡ, ಗೋರೆ ಎಸೆದು ಗುಡ್ಡ ಹತ್ತಿದ. ಆ ಬಾಗಿಲ ಮುಂದೆ ನಿಂತು ಒಂದು ಸಲ ತಪ್ಪಾಯಿತು ಎಂದುಬಿಟ್ಟರೆ ಸಾಕಿತ್ತು.

ದಾರಿ ಕೆಸರೋ ಕೆಸರು. ಎರಡು ಸಲ ಬಿದ್ದ. ಮೇಲೆ ಬಂದಾಗ ಅವನು ಅರ್ಧ ಮನುಷ್ಯ, ಅರ್ಧ ಗುಡ್ಡವಾಗಿದ್ದ. ಬಾಗಿಲ ಮೇಲೆ ಬಿಳಿ ಹೂವಿನ ಚಕ್ರ ನೇತಾಡುತ್ತಿತ್ತು. ಅವನು ಟೋಪಿ ತೆಗೆದು ತಲೆ ತಗ್ಗಿಸಿದ. "ಚಿಕ್ಕಪ್ಪಾ," ಎಂದ, "ಕುರಿಯೂ ಚೆನ್ನಾಗಿತ್ತು."

ಆಮೇಲೆ ಕಣ್ಣೊರೆಸಿಕೊಂಡು ಒದ್ದೆ ರಿಬ್ಬನ್ನನ್ನು ಬಿಡಿಸಿ ಓದಿದ.

"ಪ್ರೀತಿಯ ಹಾಲ್ವರ್, ಶಾಂತಿಯಿಂದ ನಿದ್ರಿಸು. ನಿನ್ನ ನೆರೆಹೊರೆಯವರು."

ಅವನು ಇನ್ನೊಮ್ಮೆ ಓದಿದ. ಹೆಸರು ಬದಲಾಗಲಿಲ್ಲ. ಆಗ ಕಿಟಕಿಯ ಪರದೆ ಒಂದಿಷ್ಟು ಸರಿಯಿತು. ಪರದೆಯ ಹಿಂದೊಂದು ಮೂಗು. ಹಾಲ್ವರ್ ದಿನಾ ಬೆಳಿಗ್ಗೆ ಕ್ಷೌರದ ಕನ್ನಡಿಯಲ್ಲಿ ನೋಡುತ್ತಿದ್ದ ಅದೇ ಮೂಗು, ಇನ್ನಷ್ಟು ಹಳೆಯದು.

ಬಾಗಿಲು ಗೇಣಗಲ ತೆರೆಯಿತು. "ನೀನು ಸತ್ತಿದ್ದೀಯಲ್ಲೋ!" ಎಂದು ಪಿಸುಗುಟ್ಟಿದ ಅನ್‌ಫಿನ್. "ಯಾರಾದ್ರೂ ನೋಡ್ತಾರೆ, ಒಳಗೆ ಬಾ. ಬೂಟು ಬಿಚ್ಚು, ದರಿದ್ರದೋನೆ, ನೆಲ ಒರೆಸೋರು ಯಾರು?"

ಒಳಗೆ ದೀಪವಿಲ್ಲ, ಬೆಂಕಿಯಿಲ್ಲ. ಮೇಜಿನ ಮೇಲೆ ತಣ್ಣಗಾದ ಆಲೂಗಡ್ಡೆ. ಹಾಲ್ವರ್ ಗಡಗಡ ನಡುಗುತ್ತ ಕೇಳಿದ, "ಚಿಕ್ಕಪ್ಪ, ನೀನು ಬದುಕಿದ್ದೀಯ?"

"ನನಗೇನಾಗಿದೆ ಧಾಡಿ? ಬೆಳಿಗ್ಗೆ ಬಸ್ಸಲ್ಲಿ ಓಸ್ಲೋಗೆ ಹೋದೆ. ಅಣ್ಣನ ಮಗನ ಮಣ್ಣಿಗೆ." ಮುದುಕ ಗೋಡೆ ನೋಡುತ್ತ ಹೇಳಿದ. "ಅಂತ ಊರಿಗೆಲ್ಲ ಹೇಳಿದ್ದೀನಿ. ಧ್ವಜಾನೂ ಇಳಿಸಿದ್ದೀನಿ, ನಂಬಿಕೆ ಬರಲಿ ಅಂತ."

"ನನ್ನನ್ನ ಯಾಕೆ ಸಾಯಿಸ್ದೆ?"

"ಆ ಸಿನ್ನೋವಳ ಶ್ರಮದಾನ! ಹಲ್ಲು ನೋವು ಹೋದ ವರ್ಷ ಆಯ್ತು. ಮಂಡಿ ಅದರ ಹಿಂದಿನ ವರ್ಷ. ಸಾವೊಂದೇ ಉಳಿದಿತ್ತು."

"ಸಾಯಿಸೋಕೆ ಬೇರೆ ಯಾರೂ ಸಿಗಲಿಲ್ವಾ?"

"ನನಗೆ ಬೇರೆ ಯಾರಿದ್ದಾರೋ?" ಎಂದ ಅನ್‌ಫಿನ್.

ಹಾಲ್ವರ್ ಕುರ್ಚಿಯಲ್ಲಿ ಕುಸಿದು ತನ್ನ ಕತೆಯನ್ನೂ ಹೇಳಿದ. ಮುದುಕ ಸಿಡುಕಲಿಲ್ಲ, ನಗಲೂ ಇಲ್ಲ. ಸಾಯಿಸಲಿಕ್ಕಾದರೂ ಒಬ್ಬರಿಗೊಬ್ಬರು ಇದ್ದಾರಲ್ಲ ಎಂಬುದು ಸಮಾಧಾನವೋ ಸಂಕಟವೋ ಅವರಿಗೆ ತಿಳಿಯಲಿಲ್ಲ.

"ನಡುಗ್ತಾ ಇದ್ದೀಯ," ಎಂದ ಅನ್‌ಫಿನ್ ಕೊನೆಗೆ. "ಹೀಗೇ ಕೂತ್ರೆ ನಿಜವಾಗ್ಲೂ ಸಾಯ್ತೀಯ." ಹತ್ತು ವರ್ಷದಲ್ಲಿ ಅವನು ಅಣ್ಣನ ಮಗನಿಗೆ ತೋರಿಸಿದ ಮೊದಲ ಅಕ್ಕರೆ ಅದು. ಅದೇ ಇಬ್ಬರಿಗೂ ಮುಳುವಾಯಿತು. ಮುದುಕ ಒಲೆಗೆ ನಾಲ್ಕು ಕೊರಡು ತುಂಬಿ ಬೆಂಕಿ ಹಚ್ಚಿದ. ಯಾರೂ ಇಲ್ಲದ ಮನೆಯ ಚಿಮಣಿಯಿಂದ ದಟ್ಟ ಹೊಗೆ ಎದ್ದದ್ದು ಚರ್ಚಿನ ಅಂಗಳದಲ್ಲಿದ್ದವರಿಗೆಲ್ಲ ಕಂಡಿತು.

ಕಾಫಿ ಕುದಿಯುವ ಮೊದಲೇ ಇಡೀ ಹೆಸ್ವಿಕ್ ಬಕೆಟ್ಟು ಹಿಡಿದು ಗುಡ್ಡ ಹತ್ತಿ ಬಂತು. ಸಿನ್ನೋವ ಬಾಗಿಲು ದೂಡಿದವಳು, ಎತ್ತಿದ ಬಕೆಟ್ಟನ್ನು ಹಾಗೇ ಹಿಡಿದು ನಿಂತಳು.

"ಅನ್‌ಫಿನ್? ನೀನು ಓಸ್ಲೋಲಿ ಇರಬೇಕಿತ್ತಲ್ಲ?"

ಮುದುಕ ಒಲೆಯ ಬಾಗಿಲು ಮುಚ್ಚಿದ.

"ಗೋರೆ ಬಿಟ್ಟು ಓಡಿದ ಈ ಯಜಮಾನ್ರು ಯಾರು?"

"ಅಣ್ಣನ ಮಗ."

"ನಿನಗೆ ಎಷ್ಟು ಜನ ಅಣ್ಣನ ಮಕ್ಕಳು?"

ಅನ್‌ಫಿನ್ ತನ್ನ ಕಾಲ್ಚೀಲ ನೋಡಿಕೊಂಡ. "ಒಬ್ಬನೇ."

ಯಾರೂ ನಗಲಿಲ್ಲ, ಯಾರೂ ಬೈಯಲಿಲ್ಲ. ಪಾದ್ರಿ ಸುಮ್ಮನೆ ಹೊರಗೆ ಹೋಗಿ ಧ್ವಜವನ್ನು ಮೇಲಕ್ಕೇರಿಸಿದರು. ಸಿನ್ನೋವ ಬಾಗಿಲಿನ ಚಕ್ರ ಬಿಚ್ಚಿ ಕಂಕುಳಿಗೆ ಸಿಕ್ಕಿಸಿಕೊಂಡಳು.

"ಗೋರಿಯಿಂದ ಎದ್ದು ಬಂದೋರಿಗೆ ಗೋರಿ ಗುಡ್ಸೋದು ಏನು ಮಹಾ? ಬನ್ನಿ ಇಬ್ಬರೂ. ಉತ್ತರದ ಮೂಲೆ ನಿಮಗೇ ಅಂತ ಉಳಿದಿದೆ."

ಉತ್ತರದ ಮೂಲೆಯೆಂದರೆ ವರ್ಷವಿಡೀ ಬಿಸಿಲು ಕಾಣದ, ಪಾಚಿಗಟ್ಟಿದ ಹಳೇ ಗೋರಿಗಳ ಜಾಗ. ಚಿಕ್ಕಪ್ಪ ಮಗ ಇಬ್ಬರೂ ಇಂಗು ತಿಂದ ಮಂಗನಂತೆ ಮುಖ ಮಾಡಿಕೊಂಡು ಪಾಚಿ ಉಜ್ಜಿದರು. ಐದು ಗಂಟೆಯಾಯಿತು. ಕೊನೇ ದೋಣಿ ಹೊರಟಿತು. ದೋಣಿಗೆ ಹೋಗುತ್ತೇನೆ ಎನ್ನಲು ಹಾಲ್ವರ್ ಎರಡು ಸಲ ಬಾಯಿ ತೆರೆದ. ಎರಡು ಸಲವೂ ಸಿನ್ನೋವ ಇತ್ತ ನೋಡಿದಳು, ಅವನು ಬಾಯಿ ಮುಚ್ಚಿದ. ಅವನ ಪೆಟ್ಟಿಗೆ, ಒಣಗಿದ ಬಟ್ಟೆ, ದುಡ್ಡು ಕೊಟ್ಟಾಗಿದ್ದ ರಾತ್ರಿಯೂಟ ಎಲ್ಲವನ್ನೂ ಹೊತ್ತ ಹಡಗು ಕೂಗು ಹಾಕಿ ಮಂಜಿನಲ್ಲಿ ಕರಗಿತು.

"ಸೋಫಾ ಇದೆ," ಎಂದ ಅನ್‌ಫಿನ್ ತಲೆಯೆತ್ತದೆ. "ಸ್ಪ್ರಿಂಗು ಚುಚ್ಚುತ್ತೆ."

ಆಗ ಫೋನು ಗುರುಗುಟ್ಟಿತು. ಟುರೀಡ್. ಹಾಲ್ವರ್ ಪಾಚಿ ಮೆತ್ತಿದ ಬೆರಳಿನಿಂದ ಒತ್ತಿ ಓದಿದ.

"ಹಾಲ್ವರ್, ನೀನು ದುಃಖದಲ್ಲಿರೋವಾಗ ನಾವು ಕಾಫಿ ಕುಡೀತ ಗುಡಿಸೋದು ಯಾರಿಗೂ ಸರಿ ಕಾಣಲಿಲ್ಲ. ಇವತ್ತಿನ ಶ್ರಮದಾನ ನಿಲ್ಲಿಸಿದ್ದೀವಿ. ಮುಂದಿನ ಶನಿವಾರ ಇಟ್ಕೊಂಡಿದ್ದೀವಿ, ನಿನಗೋಸ್ಕರಾನೇ. ಕೈಗೆ ಕೆಲಸ ಇದ್ರೆ ಮನಸ್ಸು ಹಗುರಾಗುತ್ತೆ. ನೆಲಮಾಳಿಗೆ ಪೂರ್ತಿ ನಿನಗೇ ಬಿಟ್ಟಿದ್ದೀವಿ."

"ಏನಂತೆ?" ಎಂದು ಕೇಳಿದ ಅನ್‌ಫಿನ್.

ಹಾಲ್ವರ್ ಓದಿ ಹೇಳಿದ. ಮುದುಕ ಪಾಚಿ ಉಜ್ಜುವುದನ್ನು ನಿಲ್ಲಿಸಿ ತಲೆಯೆತ್ತಿದ. ಅವನ ಮುಖದಲ್ಲಿ ನಿಜವಾದ ಕನಿಕರವಿತ್ತು.

"ನಮ್ಮ ಮನೆತನದಲ್ಲಿ ಇನ್ಯಾರಾದ್ರೂ ಉಳಿದಿದ್ದಾರೇನೋ, ಮಗಾ?"

ಹಾಲ್ವರ್ ಸುತ್ತಲಿನ ಗೋರಿಗಳ ಮೇಲಿನ ಹೆಸರುಗಳನ್ನು ಒಂದೊಂದಾಗಿ ನೋಡಿದ. ಅಜ್ಜ ಇದ್ದ, ಅಜ್ಜಿ ಇದ್ದಳು, ಅಪ್ಪನೂ ಇದ್ದ. "ಎಲ್ಲಾ ಖರ್ಚಾಗಿ ಹೋಗಿದ್ದಾರೆ ಚಿಕ್ಕಪ್ಪ," ಎಂದು ಹೇಳಿ ಗೋರೆ ಎತ್ತಿಕೊಂಡ.