ಬಫರಿನ ಅಕ್ಷರಗಳನ್ನು ಒಟ್ಟಿಗೆ ಓದಿದ ಪ್ರಕರಣ

ಬಿ.ಸಿ.ರೋಡಿನ ತ್ರಿತಾಲೂಕು ಸಂಯುಕ್ತ ದೃಢಪತ್ರ ಕೇಂದ್ರದಲ್ಲಿ ಸಾಮಾನ್ಯ ಅರ್ಜಿಯೊಂದನ್ನು ಕಂಪ್ಯೂಟರ್ ಓದಿ ಮುಗಿಸಲು ನಲವತ್ತೇಳು ನಿಮಿಷ ಬೇಕಾಗುತ್ತಿತ್ತು. ಇದರಲ್ಲಿ ಯಾರ ತಪ್ಪೂ ಇರಲಿಲ್ಲ. ತಪ್ಪು ಯಾರದೆಂದು ಕಂಡುಹಿಡಿಯಲು ನೇಮಕವಾದ ಸಮಿತಿಯ ಅರ್ಜಿಯೂ ಅದೇ ಕಂಪ್ಯೂಟರಿನ ಸರದಿಯಲ್ಲಿ ಕಾಯುತ್ತಿತ್ತು.

ವಿಷಯ ಇಷ್ಟೇ. ಕೇಂದ್ರದ ತಂತ್ರಾಂಶವನ್ನು ಬರೆದದ್ದು ಈಗ ಎಲ್ಲಿಯೂ ಸಿಗದ ಒಂದು ಹಳೆಯ ಕಂಪ್ಯೂಟರಿಗಾಗಿ. ಆ ಕಂಪ್ಯೂಟರ್ ಗುಜರಿಗೆ ಹೋದ ಮೇಲೆ, ಹೊಸ ಕಂಪ್ಯೂಟರಿನ ಹೊಟ್ಟೆಯೊಳಗೆ ಹಳೆಯದರಂತೆ ನಟಿಸುವ ಇನ್ನೊಂದು ಕಂಪ್ಯೂಟರನ್ನು ಸ್ಥಾಪಿಸಲಾಯಿತು. ಬಲ್ಲವರು ಅದನ್ನು ವರ್ಚುವಲ್ ಮೆಷಿನ್ ಎನ್ನುತ್ತಾರೆ. ಕಚೇರಿಯಲ್ಲಿ ಅದಕ್ಕೆ ‘ಒಳಮಿಷನು’ ಎಂದು ಹೆಸರು. ಅರ್ಜಿಯ ಅಕ್ಷರಗಳು ಮೊದಲು ಬಫರ್ ಎಂಬ ಜಗಲಿಯಲ್ಲಿ ಬಂದು ಕೂರುತ್ತವೆ. ಒಳಮಿಷನು ಹೊರಗೆ ಬಂದು ಒಂದು ಅಕ್ಷರವನ್ನು ಕೈಹಿಡಿದು ಒಳಗೆ ಒಯ್ಯುತ್ತದೆ, ಕೂರಿಸುತ್ತದೆ, ಪುನಃ ಹೊರಗೆ ಬಂದು “ಇನ್ನೊಂದು ಉಂಟಾ?” ಎಂದು ಹೊರಮಿಷನಿನ ಅನುಮತಿ ಕೇಳುತ್ತದೆ. ಒಂದು ಮುಡಿ ಅಕ್ಕಿಯನ್ನು ಒಂದೊಂದೇ ಕಾಳಾಗಿ, ಪ್ರತಿ ಕಾಳಿಗೂ ಬೇರೆ ಬಸ್ಸು ಹತ್ತಿ ಮನೆಗೆ ಸಾಗಿಸಿದ ಹಾಗೆ.

ಇದನ್ನು ಸರಿಪಡಿಸಲೆಂದೇ ಮೂಡುಬಿದಿರೆಯ ವಿಸ್ಮಿತಾಳನ್ನು ತಾಂತ್ರಿಕ ಸಹಾಯಕಿಯಾಗಿ ನೇಮಿಸಿದ್ದರು. ಆದೇಶದಲ್ಲಿ “ಓದುವ ವೇಗವು ಸುಧಾರಿಸುವವರೆಗೆ ಮಾತ್ರ” ಎಂಬ ಒಂದು ಸಾಲಿತ್ತು. ಎಂಟು ತಿಂಗಳಲ್ಲಿ ಯಾರೂ ಅವಳ ಮುಂದೆ ವೇಗದ ಸುದ್ದಿ ಎತ್ತಿರಲಿಲ್ಲ. ಪ್ರಿಂಟರಿನಲ್ಲಿ ಸಿಕ್ಕಿಬಿದ್ದ ಕಾಗದ ಎಳೆಯುವುದು, ಅದರೊಳಗೆ ಮನೆ ಮಾಡಿದ ಹಲ್ಲಿಯನ್ನು ಓಡಿಸುವುದು, ಕೇಂದ್ರದ ಮುಖ್ಯಸ್ಥ ವರ್ಧಮಾನ ಸರ್ ಅವರ ಮೊಬೈಲಿಗೆ ಬಂದ ಶುಭೋದಯದ ಚಿತ್ರಗಳನ್ನು ಅಳಿಸುವುದು, ಇವೇ ಅವಳ ಕೆಲಸ. ಅವಳಿಗೂ ಬೇಸರವಿರಲಿಲ್ಲ. ಕಮಲಾವತಿಯಮ್ಮ ಬಾರದಿದ್ದರೆ ನಿವೃತ್ತಿಯವರೆಗೂ ಹಾಗೆಯೇ ನಡೆಯುತ್ತಿತ್ತು.

ಕಮಲಾವತಿಯಮ್ಮ ನಾರಾವಿಯವರು, ಎಪ್ಪತ್ತು ದಾಟಿದ ಜೈನ ಹೆಂಗಸು. ಊರಿನ ಬಸದಿಯ ಆಡಳಿತದಲ್ಲಿ ಅವರ ಮನೆತನದ ಹೆಸರು ದಾಖಲಾಗಬೇಕಾದರೆ ವಂಶವೃಕ್ಷದ ದೃಢಪತ್ರ ಬೇಕಿತ್ತು. ವಂಶದಲ್ಲಿ ನೂರ ಹದಿನಾರು ಜನ. ಒಳಮಿಷನು ಬೆಳಿಗ್ಗೆ ಹತ್ತಕ್ಕೆ ಮೂಲಪುರುಷನಿಂದ ಓದಲು ಶುರುಮಾಡಿ, ಸಂಜೆ ಐದೂವರೆಗೆ ಸುಮಾರಾಗಿ ಕಮಲಾವತಿಯಮ್ಮನ ಮಾವನ ತನಕ ಬರುತ್ತಿತ್ತು. ಅಷ್ಟು ಹೊತ್ತಿಗೆ ಅಟೆಂಡರ್ ಡೊಂಬಯ್ಯ ನಿಯಮದಂತೆ ಮೇನ್ ಸ್ವಿಚ್ ಆಫ್ ಮಾಡುತ್ತಿದ್ದ. ಮರುದಿನ ಮೂಲಪುರುಷನಿಂದಲೇ ಪುನಃ ಆರಂಭ. ಹೀಗೆ ಹನ್ನೊಂದು ದಿನ ಕಳೆದಿತ್ತು.

ಸಂಜೆಯ ಮೂಡುಬಿದಿರೆ ಬಸ್ಸಿನಲ್ಲಿ ವಿಸ್ಮಿತಾ ಕಮಲಾವತಿಯಮ್ಮನ ಜೊತೆಗೇ ಹೋಗುತ್ತಿದ್ದಳು. ಸೂರ್ಯ ಮುಳುಗಿದ ಮೇಲೆ ಉಣ್ಣುವ ಕ್ರಮ ಅವರಲ್ಲಿಲ್ಲ. ಕಚೇರಿಯ ಬೆಂಚಿನ ಮೇಲೆ ಆಹಾರ ನಿಷಿದ್ಧ ಎಂದು ಬೋರ್ಡು; ಎದ್ದು ಹೊರಗೆ ಹೋದರೆ ಸರದಿ ತಪ್ಪೀತೆಂಬ ಹೆದರಿಕೆ. ಬಸ್ಸಿನಲ್ಲಿ ನಿಲ್ಲಲಿಕ್ಕೇ ಜಾಗವಿಲ್ಲ. ಸಿದ್ಧಕಟ್ಟೆಯಲ್ಲಿ ಸೀಟು ಸಿಕ್ಕಿ ಅವರು ಬುತ್ತಿಯ ಮುಚ್ಚಳ ತೆಗೆಯುವಾಗ ಹೊರಗೆ ಕತ್ತಲು. ಅವರು ಕಿಟಕಿಯ ಕಡೆ ಒಮ್ಮೆ ನೋಡಿ, ಮುಚ್ಚಳ ಹಾಕಿ, ಬುತ್ತಿಯನ್ನು ಚೀಲದೊಳಗೆ ಇಡುತ್ತಿದ್ದರು.

“ಹಸಿವಾಗುವುದಿಲ್ವಾ ಅಮ್ಮ?” ಎಂದು ಹನ್ನೊಂದನೇ ಸಂಜೆ ವಿಸ್ಮಿತಾ ಕೇಳಿದಳು.

“ಆಗ್ತದೆ ಮಗಾ. ಆದರೆ ಇವತ್ತು ಮಾವನ ಹೆಸರಿನಲ್ಲಿ ಮೂರಕ್ಷರ ಹೆಚ್ಚು ಓದಿದೆ ಅಂತ ಡೊಂಬಯ್ಯ ಹೇಳಿದ. ಪಾಪ, ಅದಕ್ಕೂ ವಯಸ್ಸಾಯ್ತಲ್ಲ.”

ಆ ‘ಪಾಪ’ ವಿಸ್ಮಿತಾಳಿಗೆ ನಾಟಿತು. ಮರುದಿನ ಮಂಗಳವಾರ. ಊಟದ ಬಿಡುವಿನಲ್ಲಿ ಅವಳು ಒಳಮಿಷನನ್ನು ನಡೆಸುವ ತಂತ್ರಾಂಶವನ್ನು ಬಿಚ್ಚಿದಳು. ಒಂದು ಸಲಕ್ಕೆ ಎಷ್ಟು ಅಕ್ಷರ ತರಬೇಕು ಎಂಬಲ್ಲಿ ‘ಒಂದು’ ಎಂದಿತ್ತು. ಜಗಲಿಯಲ್ಲಿ ಎಷ್ಟು ಜನ ಕೂತಿದ್ದಾರೋ ಅಷ್ಟನ್ನೂ ಒಮ್ಮೆಗೇ ಕರೆದುಕೊಂಡು ಬಾ, ನಾಲ್ಕು ಸಾವಿರದವರೆಗೆ ಆದೀತು ಎಂದು ಅವಳು ತಿದ್ದಿದಳು. ಒಟ್ಟು ಏಳು ಸಾಲು. ಮಧ್ಯಾಹ್ನ ಎರಡು ಗಂಟೆ ಹದಿನಾಲ್ಕು ನಿಮಿಷಕ್ಕೆ ಅವಳು ಕೀಲಿ ಒತ್ತಿದಳು. ಎರಡು ಸೆಕೆಂಡಿನಲ್ಲಿ ನೂರ ಹದಿನಾರು ಜನರೂ ಒಳಗೆ ಹೋಗಿ, ಪ್ರಿಂಟರಿನಿಂದ ಬಿಸಿಬಿಸಿಯಾಗಿ ಹೊರಗೆ ಬಂದರು.

ಕಮಲಾವತಿಯಮ್ಮ ಕಾಗದವನ್ನು ಹಿಡಿದು ನಂಬದೆ ನಿಂತರು. “ಇಷ್ಟು ಬೇಗ ಓದಿದರೆ ಅದಕ್ಕೆ ಅರ್ಥವಾಯ್ತಾ ಮಗಾ? ನಮ್ಮ ಮಾವನ ಹೆಸರು ಸ್ವಲ್ಪ ಕಷ್ಟ ಉಂಟು.”

“ಎಲ್ಲ ಸರಿ ಉಂಟು ಅಮ್ಮ. ನೀವೇ ನೋಡಿ.”

ಅವರು ಕನ್ನಡಕ ಏರಿಸಿ ಒಂದೊಂದೇ ಅಕ್ಷರ ಓದಿದರು. ಮೂರು ಗಂಟೆಯ ಬಸ್ಸಿಗೆ ಹೊರಟರು. ವಿಸ್ಮಿತಾಳಿಗೆ ಎದೆ ತುಂಬಿ ಬಂತು. ಆ ಹುರುಪಿನಲ್ಲೇ ಅವಳು ಬಾಕಿ ಇದ್ದ ಮುನ್ನೂರ ಹನ್ನೊಂದು ಅರ್ಜಿಗಳನ್ನೂ ಓದಿಸಿಬಿಟ್ಟಳು. ಡೊಂಬಯ್ಯ ಎಲ್ಲರಿಗೂ ಫೋನ್ ಮಾಡಿದ. ಎರಡು ದಿನದೊಳಗೆ ಜನ ಬಂದು ಪತ್ರಗಳನ್ನು ಒಯ್ದೂ ಆಯಿತು. ಮೂರನೇ ದಿನ ಬೆಂಚು ಖಾಲಿ. ಡೊಂಬಯ್ಯ ಅಭ್ಯಾಸಬಲದಿಂದ ಟೋಕನ್ ನಂಬರ್ ಒಂದನ್ನು ಕೂಗಿದ. ಯಾರೂ ಏಳದಿದ್ದಾಗ ತಾನೇ ಹೋಗಿ ಕೂತ.

ತೊಂದರೆ ಶುಕ್ರವಾರ ಬಂತು. ತಿಂಗಳ ವರದಿಯಲ್ಲಿ ‘ಬಾಕಿ’ ಎಂಬ ಮನೆಯಲ್ಲಿ ವರ್ಧಮಾನ ಸರ್ ಸೊನ್ನೆ ಬರೆದರು. “ದಯವಿಟ್ಟು ನಿಜವಾದ ಸಂಖ್ಯೆಯನ್ನು ನಮೂದಿಸಿ” ಎಂದು ಪರದೆ ಹೇಳಿತು. ಅವರು ಮೇಲಿನ ಕಚೇರಿಗೆ ಫೋನ್ ಮಾಡಿದರು. ಮೇಲಿನ ಕಚೇರಿಯವರು ಮೊದಲು ಕನಿಕರ ವ್ಯಕ್ತಪಡಿಸಿ, ಬಳಿಕ ಒಂದು ಸುತ್ತೋಲೆಯ ಪ್ರತಿ ಕಳುಹಿಸಿದರು: “ಬಾಕಿಯಿಲ್ಲದ ಕಚೇರಿಗೆ ಕೆಲಸವಿಲ್ಲವೆಂದು ತಿಳಿಯತಕ್ಕದ್ದು. ಅಂಥ ಕಚೇರಿಯನ್ನು ಸಾಕಷ್ಟು ಬಾಕಿಯಿರುವ ಕಚೇರಿಯೊಂದಿಗೆ ವಿಲೀನಗೊಳಿಸತಕ್ಕದ್ದು.” ಸಾಕಷ್ಟು ಬಾಕಿಯಿರುವ ಹತ್ತಿರದ ಕಚೇರಿ ಘಟ್ಟದ ಮೇಲಿತ್ತು. ಅಲ್ಲಿ ಒಂಬತ್ತು ಸಾವಿರ ಅರ್ಜಿಗಳಿದ್ದವು.

“ಏನು ಮಾಡಿದ್ರಿ ಮಾರಾಯ್ತಿ!” ವರ್ಧಮಾನ ಸರ್ ತಲೆಯ ಮೇಲೆ ಕೈ ಹೊತ್ತರು. “ಇನ್ನು ಬಂಟ್ವಾಳದವರು ಒಂದು ವಾಸದ ಪತ್ರಕ್ಕೆ ಘಾಟಿ ಹತ್ತಬೇಕು.”

“ಸರ್, ನಾನು ತಪ್ಪು ಮಾಡಿದೆನಾ?”

“ಛೆ, ತಪ್ಪಲ್ಲ. ತಪ್ಪಾಗಿದ್ದರೆ ಸರಿಮಾಡಬಹುದಿತ್ತು. ಸರಿಯನ್ನು ಏನು ಮಾಡುವುದು?”

ವಿಸ್ಮಿತಾ ಕಂಪ್ಯೂಟರಿನ ಕಡೆ ತಿರುಗಿದಳು. ಏಳು ಸಾಲನ್ನೂ ಅಳಿಸಿ ಹಳೆಯದನ್ನೇ ವಾಪಸು ಹಾಕುತ್ತೇನೆ ಎಂದಳು. ಅದಕ್ಕೆ ವರ್ಧಮಾನ ಸರ್ ಒಪ್ಪಲಿಲ್ಲ. ಅವರೂ ಹೊತ್ತು ಮುಳುಗುವ ಮುಂಚೆ ಉಣ್ಣುವ ಜಾತಿಯವರು; ಹನ್ನೊಂದು ದಿನದ ಬುತ್ತಿಯ ಸಂಗತಿ ಅವರ ಕಿವಿಗೂ ಬಿದ್ದಿತ್ತು. ಅವರು ಶನಿವಾರ, ಭಾನುವಾರ ಎರಡು ದಿನ ಕೂತು ಕಡತಗಳನ್ನು ಓದಿದರು. ಸೋಮವಾರ ಬೆಳಿಗ್ಗೆ ನಗುಮುಖದಿಂದ ಬಂದು ಎರಡು ಪುಟಗಳ ನಡಾವಳಿಯನ್ನು ಅವಳ ಮೇಜಿನ ಮೇಲಿಟ್ಟರು.

ಒಂದನೇ ಪುಟ: “ಮಂಗಳವಾರ ಮಧ್ಯಾಹ್ನ 2.14ಕ್ಕೆ ಓದುವ ವೇಗವು ಸುಧಾರಿಸಿದ ಕಾರಣ ತಾಂತ್ರಿಕ ಸಹಾಯಕಿಯ ಹುದ್ದೆಯು ಅದೇ ಕ್ಷಣದಲ್ಲಿ ತಾನಾಗಿಯೇ ರದ್ದಾಗಿರುತ್ತದೆ. ತದನಂತರ 311 ಅರ್ಜಿಗಳನ್ನು ಕಚೇರಿಗೆ ಸಂಬಂಧವಿಲ್ಲದ ಹೊರಗಿನ ಹೆಂಗಸೊಬ್ಬರು ಓದಿಸಿದ್ದು, ಸದರಿ ಅರ್ಜಿಗಳು ಓದಲ್ಪಟ್ಟಿರುವುದಿಲ್ಲ. ಬಾಕಿ: 311.”

ಎರಡನೇ ಪುಟ: “ಬಾಕಿಯು 311 ಇರುವುದರಿಂದ ವೇಗವು ಸುಧಾರಿಸಿಲ್ಲವೆಂದು ಭಾವಿಸತಕ್ಕದ್ದು. ಆದ್ದರಿಂದ ತಾಂತ್ರಿಕ ಸಹಾಯಕಿಯ ಹುದ್ದೆಯನ್ನು ಮುಂದುವರಿಸಲಾಗಿದೆ.”

ವಿಸ್ಮಿತಾ ಎರಡು ಸಲ ಓದಿದಳು. “ಸರ್, ಹುದ್ದೆ ಮುಂದುವರಿದರೆ ನಾನು ಹೊರಗಿನವಳಲ್ಲ. ಹೊರಗಿನವಳಲ್ಲದಿದ್ದರೆ ಬಾಕಿ ಇಲ್ಲ. ಬಾಕಿ ಇಲ್ಲದಿದ್ದರೆ...”

“ಅದಕ್ಕೇ ಹೇಳುವುದು, ಆ ಎರಡು ಪುಟಗಳನ್ನು ಒಟ್ಟಿಗೆ ಪಿನ್ ಮಾಡಬೇಡಿ. ಬೇರೆ ಬೇರೆ ಕಡತದಲ್ಲಿ ಹಾಕುವ.”

“ಮತ್ತೆ ಜನರ ಕೈಯಲ್ಲಿ ಪತ್ರ ಉಂಟಲ್ಲ ಸರ್?”

“ಇರಲಿ. ಪತ್ರವೂ ಇರಲಿ, ಬಾಕಿಯೂ ಇರಲಿ. ಒಂದಕ್ಕೊಂದು ಏನು ಜಗಳ?”

ಅಂದಿನಿಂದ ಕೇಂದ್ರದ ಬಾಗಿಲಲ್ಲಿ ಒಂದು ಪ್ರಕಟಣೆ ತೂಗಿತು: “ಅರ್ಜಿದಾರರು ಪತ್ರವನ್ನು ಕೂಡಲೇ ಪಡೆದು, ಪತ್ರ ಇನ್ನೂ ಸಿಕ್ಕಿಲ್ಲವೆಂದು ಎಡಬದಿಯ ಪುಸ್ತಕದಲ್ಲಿ ಸಹಿ ಮಾಡತಕ್ಕದ್ದು. ಸಹಿ ಮಾಡಿದವರು ತಿಂಗಳಿಗೊಂದು ದಿನ ಬಂದು ಕಾಯತಕ್ಕದ್ದು.” ಡೊಂಬಯ್ಯ ಬೆಂಚಿನ ಪಕ್ಕ ನಿಂತು ಇದನ್ನು ತುಳುವಿನಲ್ಲಿ ಬಿಡಿಸಿ ಹೇಳಿದ. ಇಲ್ಲಿ ಕಾಯದಿದ್ದರೆ ಘಟ್ಟದ ಮೇಲೆ ಹೋಗಿ ಕಾಯಬೇಕು ಎಂದ ಕೂಡಲೇ ಯಾರಿಗೂ ಸಂಶಯ ಉಳಿಯಲಿಲ್ಲ. ಸೋಮವಾರ ಫರಂಗಿಪೇಟೆಯವರು, ಮಂಗಳವಾರ ಸಿದ್ಧಕಟ್ಟೆ ಕಡೆಯವರು ಎಂದು ಪಾಳಿಯಾಯಿತು. ಪಾಳಿಯ ಪಟ್ಟಿಯನ್ನು ವಿಸ್ಮಿತಾ ಒಳಮಿಷನಿಗೆ ಕೊಟ್ಟಳು. ಅದು ಅರೆ ಸೆಕೆಂಡಿನಲ್ಲಿ ಓದಿ ಯಾರು ಯಾವಾಗ ನಿಧಾನವಾಗಿ ಕಾಯಬೇಕೆಂದು ಹೇಳುತ್ತಿತ್ತು. ದೂರದವರ ಪಾಳಿಯನ್ನು ಮಧ್ಯಾಹ್ನ ಮೂರಕ್ಕೆ ಮುಗಿಸುವಂತೆಯೂ ಅವಳು ಬರೆದಿದ್ದಳು. ಮೊದಮೊದಲು ಅವಳಿಗೆ ನಾಚಿಕೆಯಾಗುತ್ತಿತ್ತು. ಆಮೇಲೆ ಪಟ್ಟಿಯಲ್ಲಿ ಒಬ್ಬರು ತಪ್ಪಿದರೆ ಸಿಟ್ಟು ಬರತೊಡಗಿತು.

ನಾಲ್ಕು ತಿಂಗಳ ಬಳಿಕ ಒಂದು ಸೋಮವಾರ ಮೇಲಿನ ಕಚೇರಿಯಿಂದ ತಪಾಸಣಾಧಿಕಾರಿ ಝಕರಿಯಾ ಬಂದರು. ಮೂರು ತಾಲೂಕುಗಳಲ್ಲೂ ಕಟ್ಟುನಿಟ್ಟಿಗೆ ಹೆಸರಾದವರು. ಎಡಬದಿಯ ಪುಸ್ತಕದಲ್ಲಿ ಬಾಕಿ ಎರಡು ಸಾವಿರ ದಾಟಿತ್ತು. ಬಲಬದಿಯ ಪುಸ್ತಕದಲ್ಲಿ ಅಷ್ಟೇ ಪತ್ರಗಳನ್ನು ಕೊಟ್ಟ ಲೆಕ್ಕವೂ ಇತ್ತು. ಯಾರಾದರೂ ಎರಡನ್ನೂ ಒಟ್ಟಿಗೆ ತೆರೆದರೆ ಮುಗಿಯಿತು.

ಝಕರಿಯಾ ನೇರ ಬೆಂಚಿನ ಹತ್ತಿರ ಹೋದರು. ಮೊದಲಿಗೆ ಕೂತಿದ್ದವನು ಫರಂಗಿಪೇಟೆಯ ಮೀನು ವ್ಯಾಪಾರಿ ಅಬ್ದುಲ್ ಹಕೀಂ. ಅವನ ವಾಸದ ಪತ್ರ ಲ್ಯಾಮಿನೇಶನ್ ಆಗಿ ಅಂಗಿಯ ಕಿಸೆಯಿಂದ ಇಣುಕುತ್ತಿತ್ತು.

“ಎಷ್ಟು ಸಮಯದಿಂದ ಕಾಯ್ತಾ ಇದ್ದೀರಿ?”

“ನಾಲ್ಕು ತಿಂಗಳಾಯ್ತು ಸರ್.”

“ಏನಾದರೂ ದೂರು ಉಂಟಾ?”

“ಇಲ್ಲ ಸರ್. ಇಲ್ಲಿ ಒಳ್ಳೇದಾಗಿ ಕಾಯಿಸ್ತಾರೆ.”

ಝಕರಿಯಾ ಅವನ ಕಿಸೆಯನ್ನು ನೋಡಿದರು. ವರ್ಧಮಾನ ಸರ್ ಗೋಡೆಯ ಕ್ಯಾಲೆಂಡರನ್ನು ನೋಡಿದರು. ಡೊಂಬಯ್ಯ ಕೆಮ್ಮಿದ. ಝಕರಿಯಾ ಎಡಬದಿಯ ಪುಸ್ತಕವನ್ನು ತೆರೆದು, ಕೊನೆಯ ಸಂಖ್ಯೆಯನ್ನು ಓದಿ, “ಬಾಕಿ ತೃಪ್ತಿಕರ” ಎಂದು ಷರಾ ಬರೆದರು. ಬಲಬದಿಯ ಪುಸ್ತಕದ ಮೇಲೆ ತಮ್ಮ ಟೀ ಲೋಟವಿಟ್ಟರು.

ಹೊರಡುವ ಮೊದಲು ಅವರು ವಿಸ್ಮಿತಾಳ ಮೇಜಿನ ಬಳಿ ಬಂದು ಸ್ವರ ತಗ್ಗಿಸಿದರು. “ನೋಡಿ ಅಮ್ಮ, ನನ್ನ ಮಗಳ ಮದುವೆ ನೋಂದಣಿಗೆ ಒಂದು ವಾಸದ ಪತ್ರ ಬೇಕಿತ್ತು. ನಮ್ಮ ಕಚೇರಿಯಲ್ಲಿ ಅರ್ಜಿ ಹಾಕಿ ಒಂದು ವರ್ಷವಾಯ್ತು. ಇಲ್ಲಿ ಆದೀತಾ?”

ವಿಸ್ಮಿತಾ ವಿವರಗಳನ್ನು ತುಂಬಿ ಕೀಲಿ ಒತ್ತಿದಳು. ಪತ್ರ ಹೊರಗೆ ಬಂತು. ಝಕರಿಯಾ ಅದನ್ನು ಎರಡೂ ಕೈಯಿಂದ ತೆಗೆದುಕೊಂಡು, ಮಡಚಿ ಒಳಕಿಸೆಯಲ್ಲಿಟ್ಟುಕೊಂಡು, ಪತ್ರ ಇನ್ನೂ ಸಿಕ್ಕಿಲ್ಲವೆಂದು ಎಡಬದಿಯ ಪುಸ್ತಕದಲ್ಲಿ ಸಹಿ ಹಾಕಿದರು. ಆಮೇಲೆ ಜೀಪಿನವನಿಗೆ ತಡವಾಗುತ್ತದೆಂದು ಹೇಳಿ ಕಳುಹಿಸಿ, ಬೆಂಚಿನ ಕಡೆ ನಡೆದರು.

ಅಬ್ದುಲ್ ಹಕೀಂ ಸ್ವಲ್ಪ ಆಚೆ ಸರಿದು ಅವರಿಗೆ ಜಾಗ ಕೊಟ್ಟ.