ಗೋಡೆಗೆ ಮುಹೂರ್ತವಿಲ್ಲ

ಮನೆ ಎಂದ ಮೇಲೆ ಅದಕ್ಕೆ ಬಾಗಿಲಿರತಕ್ಕದ್ದು. ಆದರೆ ಬಾಗಿಲು ಎಂದ ಮೇಲೆ ಅದರ ಆಚೀಚೆ ಗೋಡೆ ಇರತಕ್ಕದ್ದೆಂದು ಯಾವ ಕಾಯ್ದೆಯಲ್ಲೂ ಹೇಳಿಲ್ಲ. ಶಿರಸಿ ತಾಲೂಕಿನ ಮೂಡಣ ಅಂಚಿನಲ್ಲಿ, ಬನವಾಸಿ ಕಡೆಗಿರುವ ಹೊಂಬಳಿಕೊಪ್ಪದ ಅಂದಾನಪ್ಪನಿಗೆ ಈ ವಿಷಯ ಮೊದಲು ಗೊತ್ತಿರಲಿಲ್ಲ. ಐವತ್ತು ದಾಟಿದ, ಅನಾನಸು ಬೆಳೆದು ನಾಲ್ಕು ಜನರ ನಡುವೆ ಮಾನವಾಗಿ ಬಾಳಿದ ಮನುಷ್ಯನಿಗೆ ಇಷ್ಟು ಸಾಮಾನ್ಯ ತಿಳಿವಳಿಕೆ ಇರದಿದ್ದದ್ದು ಸೋಜಿಗವೇ. ಈಗ ಗೊತ್ತಾಗಿದೆ.

ಸಂಗತಿ ಶುರುವಾದದ್ದು ಅವನ ತಾಯಿ ಗುರುಶಾಂತವ್ವನಿಂದ. ಆಕೆ ಈ ಮನೆಗೆ ಸೊಸೆಯಾಗಿ ಬಂದಾಗ ಒಲೆಯ ಪಕ್ಕ ಮಲಗುತ್ತಿದ್ದಳು. ಮಕ್ಕಳಾದ ಮೇಲೆ ಪಡಸಾಲೆಗೆ ಬಂದಳು. ಗಂಡ ತೀರಿಕೊಂಡ ಮೇಲೂ ಪಡಸಾಲೆಯಲ್ಲೇ ಉಳಿದಳು. ಸುತ್ತ ಮೊಮ್ಮಕ್ಕಳು, ಬೀಗರು, ಬಿತ್ತನೆ ಬೀಜದ ಚೀಲಗಳು, ಎದುರಿಗೆ ಟೀವಿ. ನೀರು ಬೇಕಾದವರು, ಹೊದಿಕೆ ಬೇಕಾದವರು, ಟಾರ್ಚು ಕಳಕೊಂಡವರು ಎಲ್ಲರೂ ಆಕೆಯನ್ನೇ ಎಬ್ಬಿಸುತ್ತಿದ್ದರು. ಒಂದು ದಿನ ಮಗ ಊಟಕ್ಕೆ ಕೂತಾಗ ಹೇಳಿದಳು:

"ಅಂದಾನೀ, ನನಗೊಂದು ಖೋಲಿ ಹಾಕಿಸಪಾ. ಸಣ್ಣದಿದ್ರೂ ನಡೀತೈತಿ. ಆದ್ರ ಒಳಗಿಂದ ಚಿಲಕ ಇರಬೇಕ್ ನೋಡು. ಈ ಮನಿಗೆ ಬಂದಾಗಿಂದ ಒಂದು ದಿನಾನೂ ನಾ ಚಿಲಕ ಹಾಕ್ಕೊಂಡು ಮಲಗಿಲ್ಲ. ಯಾರ್ ಕರದ್ರೂ ಎದ್ದೀನಿ."

ಅಂದಾನಪ್ಪನ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಹಿಂದಿನ ರಾತ್ರಿ ಮೊಬೈಲ್ ಚಾರ್ಜರು ಎಲ್ಲಿದೆ ಎಂದು ಆಕೆಯನ್ನು ಎಬ್ಬಿಸಿದ್ದು ಅವನೇ. ನಾಚಿಕೆಯಾಯಿತು.

"ಮಳೆಗಾಲ ಹಿಡಿಯೂದ್ರೊಳಗ ಮಾಡಿಸ್ತೀನಿ ಬೇ ಯವ್ವಾ" ಎಂದ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು, ಕಟ್ಟುವವನನ್ನು ಹುಡುಕಿ ನೋಡು ಎಂದು ಸೇರಿಸಲು ಮರೆತಿದ್ದಾರೆ. ಅಂದಾನಪ್ಪನಿಗೆ ಸಿಕ್ಕವರು ಶಿರಸಿಯ ಕಂತ್ರಾಟುದಾರ ನಾಗಪತಿ. ಅವರ ಕೆಲಸ ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲೂಕುಗಳಲ್ಲಿ ನಡೆಯುತ್ತಿತ್ತು. ಇದರಿಂದ ಅವರಿಗೊಂದು ಅನುಕೂಲವಿತ್ತು: ಒಂದು ತಾಲೂಕಿನವರು ಹುಡುಕುವಾಗ ಉಳಿದೆರಡರಲ್ಲಿ ಇರಬಹುದಾಗಿತ್ತು. ಅವರು ಬೈಕಿನಲ್ಲಿ ಬಂದು, ಮನೆಯ ಉತ್ತರಕ್ಕಿದ್ದ ಖಾಲಿ ಜಾಗಕ್ಕೆ ಟೇಪು ಹಿಡಿದು, ಎಲೆಯಡಿಕೆಯ ಕವಳ ಉಗಿದು ಹೇಳಿದರು:

"ಒಂದೇ ಖೋಲಿ ಅಲ್ದಾ? ಇದೆಂತ ದೊಡ್ಡ ಕೆಲಸ? ಹಾಂ ಹೇಳೂದ್ರೊಳಗೆ ಮಾಡಿ ಕೊಡ್ತೆ."

ಅಂದಾನಪ್ಪ ಹಾಂ ಎಂದ. ಆಮೇಲೆ ಅಯ್ಯನವರಲ್ಲಿ ದಿನ ಕೇಳಲಾಗಿ, ಆಷಾಢಕ್ಕೆ ಮೊದಲು ಒಂದೇ ಒಂದು ಶುಕ್ರವಾರ ಉಳಿದಿದೆ, ಬಾಗಿಲ ಚೌಕಟ್ಟು ನಿಲ್ಲಿಸುವುದಾದರೆ ಅಂದೇ ಎಂಬ ಉತ್ತರ ಬಂತು. ಇನ್ನೂ ಅಡಿಪಾಯವನ್ನೇ ತೋಡಿರಲಿಲ್ಲ. ಅಂದಾನಪ್ಪನಿಗೆ ದಿಗಿಲಾಯಿತು. ನಾಗಪತಿಯವರಿಗೆ ಆಗಲಿಲ್ಲ.

"ಮುಹೂರ್ತ ಇರೂದು ಚೌಕಟ್ಟಿಗೆ. ಗೋಡೆಗೆ ಎಂತ ಮುಹೂರ್ತ? ಗೋಡೆ ಯಾವಾಗ ಬೇಕಾದ್ರೂ ಕಟ್ಲಕ್ಕು. ಮೊದಲು ಚೌಕಟ್ಟು ನಿಲ್ಸಿಬಿಡುವಾ."

ಈ ಮಾತಿನಲ್ಲಿ ತಪ್ಪು ಹುಡುಕಲು ಅಲ್ಲಿದ್ದವರಾರಿಗೂ ಆಗಲಿಲ್ಲ. ಯಾವಾಗ ಬೇಕಾದರೂ ಕಟ್ಟಬಹುದಾದದ್ದನ್ನು ಇಂಥ ದಿನವೇ ಕಟ್ಟಬೇಕೆಂದೇನೂ ಇಲ್ಲ ಎಂಬ ಉಪನಿಯಮ ಹೊಳೆದದ್ದು ಬಹಳ ತಡವಾಗಿ.

ಶುಕ್ರವಾರ ಹಲಸಿನ ಮರದ ಚೌಕಟ್ಟು ಬಯಲಿನಲ್ಲಿ ನೆಟ್ಟಗೆ ನಿಂತಿತು. ಬುಡಕ್ಕೆ ಸಿಮೆಂಟು ಬಿತ್ತು. ಅರಿಸಿನ, ಕುಂಕುಮ, ಮಾವಿನ ತೋರಣ, ತಲೆಯ ಮೇಲೆ ಹಳದಿ ಬಟ್ಟೆಯಲ್ಲಿ ಕಟ್ಟಿದ ನವಧಾನ್ಯ, ಎಲ್ಲವೂ ಕ್ರಮಪ್ರಕಾರ ಆದವು. ನಾಗಪತಿಯವರು ಧೋತರ, ಶಲ್ಯ, ತೆಂಗಿನಕಾಯಿ ಸ್ವೀಕರಿಸಿ, ಹೋಳಿಗೆ ಉಂಡು, ಹೊರಡುವಾಗ ತಮ್ಮ ಥಾಪಿಯನ್ನು ಉಸುಕಿನ ರಾಶಿಗೆ ಚುಚ್ಚಿದರು.

"ಇದು ಇಲ್ಲೇ ಇರ್ಲಿ. ನಾಳೆ ಬಂದಾಗ ಹುಡುಕೂದು ಬ್ಯಾಡ."

ಗಾರೆ ಬಳಿಯುವ ಈ ಥಾಪಿಯ ಮಹತ್ವವನ್ನು ಇಲ್ಲಿ ಹೇಳಬೇಕು. ಕಂತ್ರಾಟುದಾರನ ಥಾಪಿ ಉಸುಕಿನಲ್ಲಿರುವವರೆಗೆ ಕೆಲಸ ಚಾಲ್ತಿಯಲ್ಲಿದೆ ಎಂದೇ ಅರ್ಥ. ಅಂಥ ಜಾಗಕ್ಕೆ ಬೇರೆ ಗೌಂಡಿ ಕಾಲಿಡುವುದಿಲ್ಲ. ಇಟ್ಟರೆ ಮೂರು ತಾಲೂಕಿನಲ್ಲೂ ಅವನಿಗೆ ಕೆಲಸ ಸಿಗುವುದಿಲ್ಲ. ಮಳೆ ಬಂತು. ಉಸುಕು ಕೊಚ್ಚಿಕೊಂಡು ಹೋಯಿತು. ಥಾಪಿ ಉಳಿಯಿತು.

ಅಂದಾನಪ್ಪ ಫೋನು ಮಾಡಿದಾಗ ನಾಗಪತಿಯವರು ಒಮ್ಮೆಯೂ ಎತ್ತದೆ ಇರಲಿಲ್ಲ. ಅಷ್ಟರಮಟ್ಟಿಗೆ ಅವರು ಸಜ್ಜನರು. "ಇವತ್ತು ಯಲ್ಲಾಪುರದಲ್ಲಿ ಸ್ಲ್ಯಾಬು ಹಾಕ್ತಾ ಇದ್ದೆ ಮಾರಾಯ್ರೆ, ನಾಳೆ ಬಂದೇ ಬರ್ತೆ" ಎನ್ನುತ್ತಿದ್ದರು. ಯಲ್ಲಾಪುರದ ಸ್ಲ್ಯಾಬು ಮುಗಿದಾಗ ಸಿದ್ದಾಪುರದ ಸ್ಲ್ಯಾಬು ಶುರುವಾಗುತ್ತಿತ್ತು.

ಈ ನಡುವೆ ಗುರುಶಾಂತವ್ವ ಮಾತ್ರ ದಿನಾ ಬೆಳಿಗ್ಗೆ ಆ ಹೊಸ್ತಿಲು ತೊಳೆದು, ವಿಭೂತಿ ಹಚ್ಚಿ, ರಂಗೋಲಿ ಎಳೆಯುತ್ತಿದ್ದಳು. ಪೂಜೆಯಾದ ಹೊಸ್ತಿಲನ್ನು ಬರಿದೆ ಬಿಡಬಾರದಲ್ಲ. ಒಂದು ದಿನ ಸೊಸೆ ಗೀತಾ ಒಣಗಿದ ಬಟ್ಟೆ ತರುವಾಗ ಚೌಕಟ್ಟಿನ ಪಕ್ಕದಿಂದ ನಡೆದು ಬಂದಳು. ಅತ್ತೆ ಕೂಗಿದಳು:

"ಬಾಗಲಾ ಬಿಟ್ಟು ಗ್ವಾಡಿಯೊಳಗಿಂದ ಬರ್ತಿಯಲ್ಲ, ಬುದ್ಧಿ ಐತೇನ ನಿನಗ?"

"ಗ್ವಾಡಿ ಎಲ್ಲೈತ್ರಿ ಅತ್ತಿ?"

"ಇವತ್ತಿಲ್ಲ. ನಾಳೆ ಬರ್ತೈತಿ ಅಂತ ಅಂವಾ ದಿನಾ ಹೇಳಾಕತ್ತಾನ. ಅದು ಬರೂ ಹೊತ್ನ್ಯಾಗ ನೀ ನಡುವ ಸಿಕ್ಕೊಂಡ್ರ ಏನ್ ಮಾಡ್ತಿ?"

ಗೀತಾ ಯೋಚಿಸಿದಳು. ಹಿಂದಕ್ಕೆ ಹೋಗಿ, ಬಟ್ಟೆಯ ಸಮೇತ ಬಾಗಿಲಿನ ಮೂಲಕ ಮತ್ತೆ ಬಂದಳು. ಅಂದಿನಿಂದ ಮನೆಯವರು, ನೆರೆಯವರು, ಹಾಲು ಕೇಳಲು ಬಂದವರು ಎಲ್ಲರೂ ಬಾಗಿಲಿನ ಮೂಲಕವೇ ಓಡಾಡತೊಡಗಿದರು. ಉದ್ದನೆಯವರು ತಲೆ ಬಗ್ಗಿಸಿದರು. ಗೋಡೆ ಇಲ್ಲವೆಂಬುದು ಕಾಣುತ್ತಿದ್ದದ್ದು ಎಮ್ಮೆಗೆ ಮಾತ್ರ. ಅದನ್ನು ಕಟ್ಟಿಹಾಕಲಾಯಿತು.

ಮಳೆ ಹಿಂದಾದ ಮೇಲೆ ಅಂದಾನಪ್ಪ ಬಸ್ಸು ಹತ್ತಿ ಸಿದ್ದಾಪುರಕ್ಕೆ ಹೋದ. ನಾಗಪತಿಯವರು ಅಲ್ಲಿನ ಮನ್ಮನೆ ಎಂಬ ಊರಿನ ಕೆರಿಯಪ್ಪನ ಮನೆಗೆ ಮಾಳಿಗೆ ಹಾಕುತ್ತಿದ್ದಾರೆಂದು ಸುದ್ದಿಯಿತ್ತು. ಹೋಗಿ ನೋಡಿದರೆ ಹೆಂಚಿನ ಮನೆಯ ಮುಂದೆ ಅಂಗಳದಿಂದ ಒಂದು ಮೆಟ್ಟಿಲಸಾಲು ಎದ್ದು, ಮೇಲೆ ಹೋಗಿ, ಎಲ್ಲಿಗೂ ತಲುಪದೆ ನಿಂತಿತ್ತು. ಆಕಾಶಕ್ಕೆ ಏಣಿ ಹಾಕುವುದನ್ನು ಅಂದಾನಪ್ಪ ಕೇಳಿದ್ದನೇ ಹೊರತು ಸಿಮೆಂಟಿನಲ್ಲಿ ನೋಡಿರಲಿಲ್ಲ. ತುತ್ತತುದಿಯ ಮೆಟ್ಟಿಲ ಮೇಲೆ ಕೆರಿಯಪ್ಪ ಪೇಪರು ಓದುತ್ತ ಕೂತಿದ್ದ.

"ಬನ್ನಿ, ಮೇಲೆ ಬನ್ನಿ. ಮಾಳಿಗೆ ಮೇಲೇ ಕೂತು ಮಾತಾಡಾಣ" ಎಂದು ಕರೆದ.

ಅಂದಾನಪ್ಪ ಹತ್ತಿ, ಒಂದು ಮೆಟ್ಟಿಲು ಕೆಳಗೆ ಕೂತ. "ಮಾಳಿಗಿ ಎಲ್ಲೈತ್ರಿ?"

"ಬರ್ತದೆ. ಮೆಟ್ಲೇ ಇಲ್ದೆ ಮಾಳಿಗೆ ಕಟ್ಟಿದ್ರೆ ಹತ್ತದು ಹ್ಯಾಂಗೆ? ಅದ್ಕೆ ಮೆಟ್ಲು ಮೊದ್ಲು ಅಂದ್ರು ನಾಗಪತಿಯವ್ರು. ಸರಿಯಾದ ಮಾತೇ ಅಲ್ವಾ?"

ಕೆರಿಯಪ್ಪನ ಹೆಂಡತಿ ಮಂಜಿ ಮೇಲಿನವರೆಗೂ ಚಾ ತಂದುಕೊಟ್ಟು ಇಳಿದುಹೋದಳು.

"ಅವರು ಈಗ ಎಲ್ಲಿ ಅದಾರ್ರಿ?"

"ಶಿರಸಿ ಕಡೆ ಯಾರದೋ ಮನೇಲಿ ಗೋಡೆ ಕಟ್ತಾ ಇದಾರಂತೆ. ಅಂದಾನಪ್ಪ ಅಂತ ಯಾರೋ. ಭಾಳ ಅವಸರದ ಮನ್ಸ ಅಂತೆ. ಅವ್ರದ್ದು ಮುಗೀದೆ ನಮ್ಗೆ ಬರಂಗಿಲ್ಲ."

ಅಂದಾನಪ್ಪ ತಾನು ಯಾರೆಂದು ಹೇಳಲಿಲ್ಲ. ಚಾ ಕುಡಿದ. ಅಷ್ಟು ಎತ್ತರದಲ್ಲಿ ಗಾಳಿ ನಿಜಕ್ಕೂ ಚೆನ್ನಾಗಿತ್ತು.

ಊರಿಗೆ ಮರಳಿದವನಿಗೆ ಉಳಿದದ್ದು ಸರ್ಕಾರವೊಂದೇ. ತೆರಿಗೆ ವಸೂಲಿ ಅಭಿಯಾನಕ್ಕೆ ಬಂದ ಪಂಚಾಯತಿಯ ಮಡಿವಾಳಪ್ಪನನ್ನು ಅವನು ಚೌಕಟ್ಟಿನ ಮುಂದೆ ನಿಲ್ಲಿಸಿ, "ಕೆಲಸ ಅಪೂರ್ಣ ಐತಿ ಅಂತ ಒಂದು ದಾಖಲೆ ಕೊಡ್ರಿ ಸಾಹೇಬ್ರ. ತೋರಿಸಿ ಹೆದರಸ್ತೀನಿ" ಎಂದು ಕೇಳಿಕೊಂಡ. ಮಡಿವಾಳಪ್ಪ ಕನ್ನಡಕ ಏರಿಸಿ, ಚೌಕಟ್ಟಿನ ಎಡಕ್ಕೂ ಬಲಕ್ಕೂ ಬಹಳ ಹೊತ್ತು ನೋಡಿದ.

"ಅಪೂರ್ಣ ಅನ್ನಬೇಕಂದ್ರ ಗ್ವಾಡಿ ಅರ್ಧಾ ಕಟ್ಟಿರಬೇಕು. ಇಲ್ಲಾ ವಾಲಿರಬೇಕು. ಇಲ್ಲಾ ಬಿರುಕು ಬಿಟ್ಟಿರಬೇಕು. ನಿಮ್ಮ ಗ್ವಾಡಿಯೊಳಗ ನನಗ ಒಂದೂ ದೋಷ ಕಾಣವಲ್ದು."

"ಗ್ವಾಡೀನ ಇಲ್ಲಲ್ರಿ!"

"ನಾನೂ ಅದನ್ನ ಹೇಳಾಕತ್ತೀನಿ. ದೋಷ ಇಲ್ಲ."

ಚೌಕಟ್ಟಿಗೆ ಹೊಸ ಮನೆ ನಂಬರಿನ ತಗಡು ಬಿತ್ತು, ಹೊಸ ತೆರಿಗೆಯೂ ಬಿತ್ತು. ವಾರದೊಳಗೆ ಪಂಚಾಯತಿಯ ಕಸದ ಗಾಡಿಯ ಮೈಕಿನಲ್ಲಿ ಊರಿಗೆಲ್ಲ ಈ ಪ್ರಕಟಣೆ ಕೇಳಿಬಂತು:

"ಈ ಮೂಲಕ ಸರ್ವರಿಗೂ ತಿಳಿಯಪಡಿಸುವುದೇನೆಂದರೆ, ಶ್ರೀ ಅಂದಾನಪ್ಪ ಇವರ ಮನೆಗೆ ಹೊಂದಿಕೊಂಡ ನೂತನ ಕೊಠಡಿಯು ಬಾಗಿಲಿನ ಮಟ್ಟಿಗೆ ಪೂರ್ಣಗೊಂಡಿದ್ದು, ಉಳಿದ ಭಾಗಗಳು ಪೂರ್ಣಗೊಂಡಿವೆಯೆಂದು ಭಾವಿಸತಕ್ಕದ್ದು. ಸದರಿ ಕೊಠಡಿಯನ್ನು ಬಾಗಿಲಿನ ಮೂಲಕವೇ ಪ್ರವೇಶಿಸತಕ್ಕದ್ದು. ಭಾವಿಸಲಾದ ಗೋಡೆಗಳನ್ನು ಹಾದುಹೋದವರನ್ನು ಗೋಡೆ ಒಡೆದವರೆಂದು ಪರಿಗಣಿಸಲಾಗುವುದು. ಒಡೆದವರು ಗೋಡೆಯನ್ನು ಸ್ವಂತ ಖರ್ಚಿನಲ್ಲಿ ಮೊದಲಿದ್ದ ಸ್ಥಿತಿಗೆ ತಂದುಕೊಡತಕ್ಕದ್ದು."

ಗುರುಶಾಂತವ್ವ ಇದನ್ನು ಮನಸ್ಸಿಟ್ಟು ಕೇಳಿದಳು. ತೆರಿಗೆ ಕಟ್ಟುವ ಖೋಲಿಯನ್ನು ಖಾಲಿ ಬಿಡುವುದು ಆಕೆಗೆ ಸರಿಬರಲಿಲ್ಲ. ಅಂದಾನಪ್ಪ ಬಡಿಗೇರ ಉದಯನನ್ನು ಕರೆಸಿ ಚೌಕಟ್ಟಿಗೆ ಕದ ಕೂಡಿಸಿದ, ಒಳಗಡೆ ಹಿತ್ತಾಳೆಯ ಚಿಲಕ ಹಾಕಿಸಿದ. ಗೋಡೆ ಕೊಡಲಾಗದ ಮಗ ಚಿಲಕವನ್ನಾದರೂ ಗಟ್ಟಿಯಾದದ್ದೇ ಕೊಡಬೇಕಲ್ಲ. ಮಂಚ, ಕೌದಿ, ನೀರಿನ ತಂಬಿಗೆ ಬಾಗಿಲಿನ ಮೂಲಕ ಒಳಗೆ ಹೋದವು. ಮಂಚ ಅಗಲವಿದ್ದರಿಂದ ಓರೆ ಮಾಡಿ ಸಾಗಿಸಬೇಕಾಯಿತು, ಬಲು ಕಷ್ಟವಾಯಿತು.

"ಯವ್ವಾ, ಮಳಿ ಬಂದ್ರ?" ಎಂದು ಅಂದಾನಪ್ಪ ಅಳುಕುತ್ತ ಕೇಳಿದ.

"ಬಾಗಲಾ ಹಾಕಿರ್ತೀನಿ, ಕಿಟಕಿ ಇಟ್ಟೇ ಇಲ್ಲ. ಮಳಿ ಎಲ್ಲಿಂದ ಒಳಗ ಬರ್ತೈತಿ?"

ಅಂದು ಊಟವಾದ ಮೇಲೆ ಗುರುಶಾಂತವ್ವ ಒಳಗೆ ಹೋಗಿ ಕದ ಮುಚ್ಚಿದಳು. ಚಿಲಕ ಬಿದ್ದ ಸದ್ದು ಬಾವಿಕಟ್ಟೆಯವರೆಗೂ ಕೇಳಿಸಿತು. ಅಲ್ಲಿ ನಿಂತಿದ್ದ ಅಂದಾನಪ್ಪನಿಗೆ ಆಕೆ ಸ್ಪಷ್ಟವಾಗಿ ಕಾಣುತ್ತಿದ್ದಳು. ಪಡಸಾಲೆಯಲ್ಲಿ ಯಾವಾಗಲೂ ಮುಖದ ಮೇಲೆ ಸೆರಗು ಹೊದ್ದು ಮಲಗುತ್ತಿದ್ದವಳು ಇಂದು ಸೆರಗು ಎಳೆದುಕೊಂಡಿರಲಿಲ್ಲ. ಕೆನ್ನೆಯ ಕೆಳಗೆ ಕೈಯಿಟ್ಟು ಹುಡುಗಿಯ ಹಾಗೆ ಮಲಗಿದ್ದಳು. ಅಡಿಗೆಮನೆಯಿಂದ ಗೀತಾ, "ಅತ್ತೀ, ಬೆಲ್ಲದ ಡಬ್ಬಿ ಎಲ್ಲಿಟ್ಟೀರಿ?" ಎಂದು ಕೂಗಿದಳು. ಗುರುಶಾಂತವ್ವ ಏಳಲಿಲ್ಲ. ಅಂದಾನಪ್ಪ, ಗೋಡೆಯೊಳಗಿಂದ ಇಣುಕಿ ನೋಡುವುದು ಸಭ್ಯತೆಯಲ್ಲವೆಂದು ನೆನಪಾಗಿ ಮುಖ ಆಚೆ ತಿರುಗಿಸಿದ.

ನಾಗಪತಿಯವರು ಬಂದರು.

ಯಾಕೆ ಬಂದರು ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಮೂರು ತಾಲೂಕಿನ ಸ್ಲ್ಯಾಬುಗಳೂ ಒಟ್ಟಿಗೆ ಮುಗಿದವೆಂದು ಕೆಲವರು ಹೇಳುತ್ತಾರೆ. ಯುಗಾದಿ ಕಳೆದ ಒಂದು ಮಧ್ಯಾಹ್ನ ಅವರು ಟ್ರ್ಯಾಕ್ಟರಿನ ತುಂಬ ಚಿರೇಕಲ್ಲು, ಹಿಂದೆ ಗೌಂಡಿಗಳು, ಹೀಗೆ ಸಕಲ ಸರಂಜಾಮು ಸಮೇತ ಬಂದು ಇಳಿದರು. ತುಕ್ಕು ಹಿಡಿದ ಥಾಪಿ ನೆಟ್ಟಲ್ಲೇ ಇರುವುದನ್ನು ನೋಡಿ ಅವರಿಗೆ ಸಂತೋಷವಾಯಿತು. "ಎಲ್ಲಿಂದ ತೋಡೂದು ನೋಡ್ತೆ" ಎನ್ನುತ್ತ ಚೌಕಟ್ಟಿನ ಪಕ್ಕಕ್ಕೆ ಹೆಜ್ಜೆ ಹಾಕಿದರು.

"ಗ್ವಾಡಿ! ಗ್ವಾಡಿ!" ಎಂದು ಗೀತಾ ಕಿರುಚಿದಳು. ನೆರೆಮನೆಯವರು ಓಡಿಬಂದರು. ನಾಗಪತಿಯವರು ಎತ್ತಿದ ಕಾಲನ್ನು ಎತ್ತಿದಂತೆಯೇ ಹಿಡಿದು ನಿಂತರು. ಅಂದಾನಪ್ಪ ಪ್ರಕಟಣೆಯನ್ನು ಬಾಯಿಪಾಠ ಒಪ್ಪಿಸಿದ. ಸ್ವಂತ ಖರ್ಚು ಎಂಬ ಮಾತು ಬಂದಾಗ ನಾಗಪತಿಯವರು ಕಾಲನ್ನು ಹಿಂದಕ್ಕಿಟ್ಟರು. ಕಾನೂನಿಗೆ ತಲೆಬಾಗುವ ಮನುಷ್ಯ. ಬಾಗಿಲ ಮುಂದೆ ಬಂದು, ಚಪ್ಪಲಿ ಕಳಚಿ, ಕದ ತಟ್ಟಿದರು.

"ಯಾರು?" ಒಳಗಿನಿಂದ ದನಿ ಬಂತು.

"ನಾನು ಅಮ್ಮಾ, ನಾಗಪತಿ. ಗೋಡೆ ಕಟ್ಟೂಲೆ ಬಂದೆ."

"ಚಿಲಕ ಹಾಕೀನಿ."

"ಸ್ವಲ್ಪ ತೆಗೀರಿ ಅಮ್ಮಾ. ಒಳಗೆ ಬರದೆ ಹ್ಯಾಂಗೆ ಕಟ್ಟೂದು?"

ಎಲ್ಲರೂ ಕದದತ್ತ ನೋಡಿದರು. ಯಾರು ಕರೆದರೂ ಎದ್ದ ಹೆಂಗಸು. ಅಂದಾನಪ್ಪನಿಗೆ ಮಾತ್ರ ಆಕೆ ಏಳಬಾರದು ಎಂಬ ಆಸೆ ಒಮ್ಮೆಲೇ ಹುಟ್ಟಿತು. ಟ್ರ್ಯಾಕ್ಟರಿನಲ್ಲಿ ಬಂದ ಗೋಡೆ ಹಾಗೇ ವಾಪಸು ಹೋದರೂ ಅಡ್ಡಿಯಿಲ್ಲ ಎನಿಸಿತು.

"ಮಲಗೀನಿ" ಎಂದಳು ಗುರುಶಾಂತವ್ವ. "ನಾಳೆ ಬಾ."

ಮೂರು ತಾಲೂಕುಗಳಲ್ಲಿ ಇಷ್ಟು ಕಾಲ ಈ ಮಾತನ್ನು ಹಂಚಿಕೊಂಡು ಬಂದಿದ್ದ ನಾಗಪತಿಯವರು ಅದನ್ನು ಮೊದಲ ಸಲ ಪಡೆದುಕೊಂಡರು. ಕಳಚಿದ ಚಪ್ಪಲಿಯನ್ನು ಮತ್ತೆ ಮೆಟ್ಟಿದರು. ಆಮೇಲೆ ಅಂದಾನಪ್ಪನತ್ತ ತಿರುಗಿ ಮೆಲ್ಲಗೆ ಕೇಳಿದರು:

"ನಾಳೆ ಅಂದ್ರೆ ಯಾವತ್ತು ಮಾರಾಯ್ರೆ?"

"ನಾಳೆ ಅಂದ್ರ ನಾಳೇರಿ" ಎಂದ ಅಂದಾನಪ್ಪ. "ಥಾಪಿ ಇಲ್ಲೇ ಇರ್ಲಿ. ಬಂದಾಗ ಹುಡುಕೂದು ಬ್ಯಾಡ."

ಈಗ ನಾಗಪತಿಯವರು ದಿನವೂ ಬರುತ್ತಾರೆ. ಅವರಷ್ಟು ಹೊತ್ತಿಗೆ ಸರಿಯಾಗಿ ಬರುವ ಕಂತ್ರಾಟುದಾರರು ಸುತ್ತಮುತ್ತ ಇನ್ನೊಬ್ಬರಿಲ್ಲ. ಮನ್ಮನೆಯಿಂದ ಕೆರಿಯಪ್ಪ ಫೋನು ಮಾಡಿದರೆ, ಶಿರಸಿ ಕಡೆ ಅಂದಾನಪ್ಪನ ಮನೆಯಲ್ಲಿದ್ದೇನೆ ಎನ್ನುತ್ತಾರೆ. ಅದು ನಿಜವೂ ಆಗಿರುತ್ತದೆ. ಗೀತಾ ಕೊಟ್ಟ ಚಾ ಕುಡಿದು, ಚಪ್ಪಲಿ ಕಳಚಿ, ಕದ ತಟ್ಟುತ್ತಾರೆ. ಒಳಗೆ ಗುರುಶಾಂತವ್ವ ಮಗ್ಗುಲು ಬದಲಿಸಿ, ನಾಳೆ ಬಾ ಎಂದು ಹೇಳಿ, ಮತ್ತೆ ಕಣ್ಣು ಮುಚ್ಚುತ್ತಾಳೆ. ಕೆಲಸ ಚಾಲ್ತಿಯಲ್ಲಿದೆ.