ಎಡ ಮೂಲೆಯ ಮಡಚು ಕುರ್ಚಿಯವರ ಸನ್ನಿಧಿಗೆ

"ನಿನಗಿಂತ ಆ ಕುರ್ಚಿ ವಾಸಿ" ಎಂದರೋ, "ಆ ಕುರ್ಚಿಗಿರೋ ಬುದ್ಧಿ ನಿನಗಿಲ್ಲ" ಎಂದರೋ, ನಮ್ಮ ಕೋಚ್ ಲಿಂಡ್‌ಕ್ವಿಸ್ಟ್ ಅಂದು ಆಡಿದ ಮಾತು ಈಗ ಸರಿಯಾಗಿ ನೆನಪಿಲ್ಲ. ಎರಡರಲ್ಲೂ ಕುರ್ಚಿಯೊಂದು ಇತ್ತು, ಆ ಕುರ್ಚಿ ತಾವೇ ಎಂಬುದರಲ್ಲಿ ಮಾತ್ರ ಸಂಶಯವಿಲ್ಲ.

ಆದ್ದರಿಂದ, ಮಾನ್ಯರೇ,

ಡುಲೂತ್ ಊರಿನ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ನಲವತ್ತನಾಲ್ಕನೆಯ ನಂಬರಿನ ಅಂಗಿ ತೊಡುವ ಅರ್ನೆಲ್ ಫಾಂಟೆನೋ ಎಂಬ ನಾನು, ವಯಸ್ಸು ಮೂವತ್ತೇಳು (ನಮ್ಮ ಕಸುಬಿನಲ್ಲಿ ಅದು ತಾತನ ವಯಸ್ಸು), ತಮ್ಮ ನಾಲ್ಕೂ ಕಾಲುಗಳಿಗೆ, ರಬ್ಬರು ಕಳಚಿರುವ ಆ ಒಂದನ್ನೂ ಬಿಡದೆ ಸೇರಿಸಿ, ವಂದಿಸಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ತಾವು ನನ್ನ ಕೆಲಸವನ್ನು ಕಿತ್ತುಕೊಂಡಿದ್ದೀರಿ.

ನಾನು ಹಳೆಯ ಕಾಲದ ಆಳು. ಲೂಯಿಸಿಯಾನಾದ ಶಾಲೆಯಲ್ಲಿ ನನಗೆ ಈ ಆಟ ಕಲಿಸಿದ ಮಿಸ್ ವರ್ಡೀನ್, ಮಂಡಿನೋವಿನಿಂದಾಗಿ ಕೂತಲ್ಲಿಂದಲೇ ಕೂಗುತ್ತಿದ್ದರು: "ಬುಟ್ಟಿಗೆ ಬೆನ್ನು ಹಾಕಿ ನಿಂತ್ಕೋ ಮಗಾ, ಕೈ ಎತ್ತು, ಚೆಂಡು ಬಂದೇ ಬರುತ್ತೆ!" ಹಾಗೆಯೇ ಇಪ್ಪತ್ತೆರಡು ವರ್ಷ ನಿಂತೆ, ಚೆಂಡು ಬಂದೇ ಬಂತು. ಎದುರಾಳಿಗಳನ್ನು ನಾನು ಇಂದಿಗೂ ಮುಖದಿಂದ ಗುರುತಿಸಲಾರೆ, ಬೆನ್ನಿಗೆ ಒತ್ತಿದ ಮೊಣಕೈಯಿಂದ ಗುರುತಿಸುತ್ತೇನೆ.

ಲಿಂಡ್‌ಕ್ವಿಸ್ಟ್ ಅವರಿಗೆ ಮೂವತ್ತೊಂದು. ಅವರ ಪದ್ಧತಿಯಲ್ಲಿ ಬುಟ್ಟಿಯ ಕೆಳಗೆ ಯಾರೂ ಬೀಡುಬಿಡಕೂಡದು. ಐವರೂ ದೂರದ ಮೂರಂಕದ ಕಮಾನುಗೆರೆಯ ಆಚೆ ಹರಡಿಕೊಳ್ಳಬೇಕು, ನಡುವೆ ತೆರವಾದ ಬಯಲಿನಲ್ಲಿ ನಮ್ಮ ಪುಟ್ಟ ಟೆವಿನ್ ಚೆಂಡು ತಟ್ಟುತ್ತ ನುಗ್ಗಬೇಕು. ನನಗೆ ಬಂದದ್ದು ಎಡ ಮೂಲೆ. ಕೆಲಸ, ನಿಲ್ಲುವುದು. ನಾನು ಅಲ್ಲಿ ನಿಂತರೆ ನನ್ನನ್ನು ಕಾಯುವ ಎದುರಾಳಿಯೂ ಅಲ್ಲೇ ನಿಲ್ಲಬೇಕಾಗುತ್ತದೆ ಎಂಬುದು ಸಿದ್ಧಾಂತ. ನನ್ನ ಕಾಲುಗಳು ಸಿದ್ಧಾಂತ ಓದಿದವಲ್ಲ. ನಾಲ್ಕು ಎಣಿಸುವುದರೊಳಗೆ ಅವು ನನ್ನನ್ನು ಬುಟ್ಟಿಯ ಕೆಳಗೆ ಒಯ್ಯುತ್ತವೆ, ಕಾಯುವವನೂ ಬೆನ್ನಿಗೇ ಬರುತ್ತಾನೆ, ಟೆವಿನ್ ಬಂದು ಇಬ್ಬರಿಗೂ ಡಿಕ್ಕಿ ಹೊಡೆಯುತ್ತಾನೆ. "ತಾತಾ, ನಾನ್ ಹೋಗೋ ದಾರೀಲೇ ಮನೆ ಕಟ್ಕೊಂಡಿದ್ಯಲ್ಲೋ!" ಎಂದು ಅವನು ಮೂಗು ಹಿಡಿದುಕೊಂಡದ್ದು ಒಂದು ಮಂಗಳವಾರದ ಅಭ್ಯಾಸದಲ್ಲಿ ಒಂದೇ ಬೆಳಿಗ್ಗೆ ಮೂರು ಸಲ.

ಆ ಮಂಗಳವಾರವೇ ತಮ್ಮ ಪಟ್ಟಾಭಿಷೇಕ ನಡೆದದ್ದು. ಕೋಚ್ ನನ್ನನ್ನು ಹೊರಗೆ ಕರೆದು, ತಮ್ಮನ್ನು ಟಪ್ಪೆಂದು ಬಿಡಿಸಿ ಮೂಲೆಯಲ್ಲಿಟ್ಟು, "ಭಾನುವಾರದ ಮ್ಯಾಚ್ ನೋಡ್ತೀನಿ. ಆವತ್ತೂ ನಿಂತಲ್ಲಿ ನಿಲ್ಲಕ್ಕಾಗ್ಲಿಲ್ಲ ಅಂದ್ರೆ ತಂಡದಿಂದ ಕೈಬಿಡ್ಬೇಕಾಗುತ್ತೆ, ಬೇಜಾರ್ ಮಾಡ್ಕೋಬೇಡ" ಎಂದರು. ಬೇಜಾರು ಮಾಡಿಕೊಳ್ಳಲು ಪುರುಸೊತ್ತು ಎಲ್ಲಿತ್ತು? ತಮ್ಮ ಆಟ ನೋಡುವುದರಲ್ಲೇ ಮೈಮರೆತಿದ್ದೆ.

ಏನು ಹೇಳಲಿ ಮಾನ್ಯರೇ! ತಾವು ಅಲುಗಲಿಲ್ಲ. ಕೈ ಎತ್ತಿ ಚೆಂಡು ಬೇಡಲಿಲ್ಲ, ನೀರು ಕೇಳಲಿಲ್ಲ, ರೆಫ್ರಿಯ ವಂಶವನ್ನು ವಿಚಾರಿಸಲಿಲ್ಲ. ಟೆವಿನ್ ಬೆಣ್ಣೆಯಲ್ಲಿ ಚಾಕು ಆಡಿಸಿದಂತೆ ನುಗ್ಗಿ ನುಗ್ಗಿ ಬುಟ್ಟಿ ತುಂಬಿದ. ಒಮ್ಮೆ ಅಭ್ಯಾಸಬಲದಿಂದ ಅವನು ಎಸೆದ ಚೆಂಡು ತಮ್ಮ ಬೆನ್ನಿಗೆ ಬಡಿದು ನೇರವಾಗಿ ಇನ್ನೊಬ್ಬನ ಕೈ ಸೇರಿ, ಅವನು ಅದನ್ನು ಬುಟ್ಟಿಗೆ ಹಾಕಿದಾಗ, ಹುಡುಗರೆಲ್ಲ ಕುಣಿದಾಡಿ ತಮಗೆ ನನ್ನ ಅಂಗಿಯನ್ನೇ ತೊಡಿಸಿದರು. "ನಲವತ್ತನಾಲ್ಕು ಇಷ್ಟು ಚೆನ್ನಾಗಿ ಆಡಿ ಎಷ್ಟು ವರ್ಷ ಆಯ್ತ್ರೋ!" ಎಂದ ಟೆವಿನ್. ಅಂಗಿ ತಮಗೆ ಒಪ್ಪಿತ್ತು, ಒಪ್ಪಿಕೊಳ್ಳುತ್ತೇನೆ. ಇಷ್ಟೇ ಬಿನ್ನಹ: ದಯವಿಟ್ಟು ಒಂದೇ ಒಂದು ಸಲ ದಣಿಯಿರಿ. ಒಂದು ಸಲ ಆಸೆಪಟ್ಟು ಬುಟ್ಟಿಯತ್ತ ಎರಡು ಹೆಜ್ಜೆ ಇಡಿರಿ. ಊರೂರಿಗೆ ಹೋಗುವ ಬಸ್ಸಿನಲ್ಲಿ ನನ್ನ ಸೀಟನ್ನೂ ತಾವೇ ವಹಿಸಿಕೊಳ್ಳಿರಿ. ತಾವು ಮಡಚಿಕೊಳ್ಳುತ್ತೀರಿ, ಆರು ಅಡಿ ಹನ್ನೊಂದು ಇಂಚಿನ ನಾನು ಮಡಚಿಕೊಳ್ಳುವುದಿಲ್ಲ.

ಭಾನುವಾರ ನಾನು ತಮ್ಮನ್ನು ಧ್ಯಾನಿಸುತ್ತ ಮೂಲೆಯಲ್ಲಿ ನಿಂತೆ. ಕಾಲುಗಳು ಬುಟ್ಟಿಯತ್ತ ಎಳೆದವು, ನಿಂತೆ. ಎಷ್ಟು ಚೆನ್ನಾಗಿ ನಿಂತೆನೆಂದರೆ, ನನ್ನನ್ನು ಕಾಯಬೇಕಾದ ಎದುರು ತಂಡದ ಕೋವಲ್ ಎಂಬ ಭೀಮಕಾಯನೇ ನನ್ನನ್ನು ಮರೆತ. "ಇವನ್ನ ಏನ್ ಕಾಯೋದು, ಫರ್ನಿಚರ್ ಇದ್ದಂಗಿದಾನೆ!" ಎಂದು ತನ್ನವರಿಗೆ ಕೂಗಿ ಹೇಳಿ, ನನಗೆ ಬೆನ್ನು ಹಾಕಿ, ಟೆವಿನ್‌ಗೆ ಅಡ್ಡ ನಿಲ್ಲಲು ಹೋದ.

ಬೆನ್ನು! ಬೆನ್ನಿನ ವಿಷಯದಲ್ಲಿ ನನಗೆ ಗೊತ್ತಿಲ್ಲದ್ದು ಏನಿದೆ? ಬೆನ್ನಿಗೆ ಕಣ್ಣಿಲ್ಲ. ಗಡಿಗೆರೆಯ ಗುಂಟ, ಅವನ ಹಿಂದಿನಿಂದ, ಕಳ್ಳನಂತೆ ನಾಲ್ಕು ಹೆಜ್ಜೆ ನಡೆದೆ. ಟೆವಿನ್ ನೋಡಿದ, ಚೆಂಡನ್ನು ಮೇಲಕ್ಕೆ ಚಿಮ್ಮಿದ, ನಾನು ಎರಡೂ ಕೈಯಿಂದ ಬುಟ್ಟಿಗೆ ತುರುಕಿದೆ. ಮತ್ತೆ ಮೂಲೆಗೆ ಬಂದು ಕುರ್ಚಿಯಾದೆ. ಕೋವಲ್ ಮತ್ತೆ ಮರೆತ. ಹೀಗೆ ಐದು ಸಲ. "ಫರ್ನಿಚರ್ರು! ಫರ್ನಿಚರ್ರು!" ಎಂದು ಇಡೀ ಡುಲೂತ್ ನನ್ನ ಹೊಸ ಹೆಸರು ಕೂಗುತ್ತಿತ್ತು.

ನಾನು ತಂಡದಲ್ಲಿ ಉಳಿದೆ. ಕೋಚ್ ಆ ಚಲನೆಯನ್ನು ಹಲಗೆಯ ಮೇಲೆ ಬರೆದು, ಮೇಲೆ ದೊಡ್ಡದಾಗಿ "ಕುರ್ಚಿ" ಎಂದು ಹೆಸರಿಟ್ಟರು. ಬೆವರು ನನ್ನದು, ಹೆಸರು ತಮ್ಮದು. ಇದೇ ನನ್ನ ದೂರು.

ತಮ್ಮ ಜಾಗದಲ್ಲಿ ತಮ್ಮಂತೆಯೇ ನಿಲ್ಲುವ, ತಮಗಿಂತ ನಾಲ್ಕೇ ಹೆಜ್ಜೆ ಮುಂದಿರುವ, ತಮ್ಮ ವಿಶ್ವಾಸಿ
ಅರ್ನೆಲ್ ಫಾಂಟೆನೋ

ಮರೆತ ಮಾತು: ಈ ಪತ್ರವನ್ನು ಆದ್ಯಂತವಾಗಿ ತಮ್ಮ ಮೇಲೆ ಕುಳಿತೇ ಬರೆದಿದ್ದೇನೆ, ತಾವು ಎಂದಿನಂತೆ ತುಟಿಪಿಟಕ್ಕೆನ್ನಲಿಲ್ಲ. ಇಲ್ಲಿಂದ ಅಭ್ಯಾಸ ಮಾಡುತ್ತಿರುವ ಹತ್ತೂ ಜನ, ಚೆಂಡು, ತೆರವಾಗುವ ಜಾಗ, ಮುಚ್ಚಿಕೊಳ್ಳುವ ಜಾಗ, ಎಲ್ಲ ಕಾಣುತ್ತದೆ. ನಾನು ಇಷ್ಟು ವರ್ಷ ಆಡಿದ್ದು ಇದನ್ನೇ ಎಂದು ನಂಬುವುದು ಕಷ್ಟ. ಮಿಸ್ ವರ್ಡೀನ್, ನಿಮ್ಮ ಕುರ್ಚಿಯೂ ಯಾವಾಗಲೂ ಎಡ ಮೂಲೆಯಲ್ಲೇ ಇರುತ್ತಿತ್ತಲ್ಲ, ಇಲ್ಲಿಂದ ಆಟ ಇಷ್ಟು ಚೆನ್ನಾಗಿ ಕಾಣುತ್ತದೆಂದು ನೀವು ನನಗೆ ಒಂದು ಸಲವೂ ಯಾಕೆ ಹೇಳಲಿಲ್ಲ?